ನಡುಮನೆವರೆಗೆ ಹೋದ ದನಿ

ಗೆಳೆಯರೇ, ಇವತ್ತು ಆಗಸ್ಟ್ 10. ನಮ್ಮಲ್ಲಿ ಬಹಳ ಜನಕ್ಕೆ ಇದು ಬರೀ ಒಂದು ತಾರೀಖು. ದಲಿತ ಕ್ರೈಸ್ತರಿಗೆ ಮಾತ್ರ ಇದು ಕಪ್ಪು ದಿನ. ಯಾರು ಪರಿಶಿಷ್ಟ ಜಾತಿಯವರು ಅಂತ ಹೇಳುವ ರಾಷ್ಟ್ರಪತಿ ಆದೇಶ ಹೊರಬಿದ್ದದ್ದು 1950ರ ಆಗಸ್ಟ್ 10ರಂದು. ಅದರ ಮೂರನೇ ಪ್ಯಾರಾದಲ್ಲಿ ಒಂದು ಬೇಲಿ ಹಾಕಿದರು: ಹಿಂದೂ ಧರ್ಮ ಬಿಟ್ಟು ಬೇರೆ ಧರ್ಮ ಪಾಲಿಸುವವರು ಈ ಪಟ್ಟಿಯಲ್ಲಿ ಇಲ್ಲ. 1956ರಲ್ಲಿ ಬೇಲಿ ಸರಿಸಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಇನ್ನೂ ಆಚೆನೇ ನಿಂತಿದ್ದಾರೆ.

ಈ ದಿನ ಬಂದರೆ ನನಗೆ ಅರಸೀಕೆರೆಯ ರೇಡಿಯೋ ಮೇಷ್ಟ್ರು ನೆನಪಾಗ್ತಾರೆ. ಅವರ ಹೆಸರು ಬರೆಯಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಇನ್ನೂ ಇದೇ ಸೀಮೆಯಲ್ಲಿ ಬಾಳಬೇಕು, ಕಾಲ ಹಿಂಗೈತೆ. ಮೇಷ್ಟ್ರು ತೀರಿಕೊಂಡು ಒಂದು ವರ್ಷ ಆಯ್ತು. ಅವರ ಬಗ್ಗೆ ಬರಿತೀನಿ ಅಂತ ಎಷ್ಟೋ ಸಲ ಕೂತೆ, ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನೋದನ್ನೂ ಕೊನೆಗೆ ಹೇಳ್ತೀನಿ.

ಹಳೇಬೀಡಿಂದ ಜಾವಗಲ್ ಮೇಲೆ ಅರಸೀಕೆರೆಗೆ ಹೋಗುವ ರಸ್ತೆಯಲ್ಲಿ ಇಳಿದು ಒಳಕ್ಕೆ ನಡೆದರೆ ನಮ್ಮೂರು. ನಾನು ಹತ್ತು ವರ್ಷದವಳಿದ್ದಾಗ ನಮ್ಮ ಕೇರಿಗೆಲ್ಲ ಇದ್ದದ್ದು ಒಂದೇ ರೇಡಿಯೋ, ಅದೂ ನಮ್ಮ ಮಾವಂದು. ಸಂಜೆ ಸೆಲ್ಲು ಬಿಸಿಲಿಗೆ ಇಟ್ಟು ಚಾರ್ಜ್ ಆಯ್ತು ಅಂತ ನಂಬಿಕೊಂಡು ಹಾಕೋರು. ಶಾರ್ಟ್‌ವೇವ್ ತಿರುಗಿಸಿದರೆ ಕೊರ್ ಕೊರ್ ಅನ್ನೋ ಸದ್ದಿನ ಮಧ್ಯೆ ಒಂದು ಕನ್ನಡ ದನಿ ತೇಲಿಕೊಂಡು ಬರೋದು. ಒಂದು ಸಲ ಹತ್ತಿರ, ಒಂದು ಸಲ ದೂರ, ಗಾಳಿಗೆ ಸಿಕ್ಕಿದ ದೀಪದ ಥರ. ಅದು ಮೇಷ್ಟ್ರ ದನಿ. ಆಗ ನನಗೆ ಅವರು ಯಾರು ಅಂತ ಗೊತ್ತಿರಲಿಲ್ಲ.

ಆ ದನಿ ಬರ್ತಿದ್ದದ್ದು ಎಲ್ಲಿಂದ ಗೊತ್ತಾ? ಸೇಶೆಲ್ಸ್ ಅನ್ನೋ ದ್ವೀಪದಿಂದ. ಹಿಂದೂ ಮಹಾಸಾಗರದ ಆಚೆ, ನಮ್ಮಿಂದ ಸುಮಾರು 3,000 ಕಿಲೋಮೀಟರ್ ದೂರ. ನಮ್ಮ ದೇಶದಲ್ಲಿ ಆಗ ರೇಡಿಯೋ ಅಂದರೆ ಸರ್ಕಾರದ್ದು ಮಾತ್ರ. ಬೇರೆಯವರು ಸ್ಟೇಷನ್ ನಡೆಸುವಂತಿರಲಿಲ್ಲ. ಗಾಳಿಯ ಅಲೆ ಸಾರ್ವಜನಿಕ ಆಸ್ತಿ, ಅದು ಸರ್ಕಾರ ಒಬ್ಬರದೇ ಅಲ್ಲ ಅಂತ ಸುಪ್ರೀಂ ಕೋರ್ಟು ಹೇಳಿದ್ದು 1995ರಲ್ಲಿ. ಹಾಗಾಗಿ ಫೀಬಾ ರೇಡಿಯೋದವರು 1970ರಿಂದ ಸೇಶೆಲ್ಸ್‌ನಲ್ಲಿ ಸ್ಟೇಷನ್ ಇಟ್ಟುಕೊಂಡು, ಸಮುದ್ರದ ಹವಳದ ದಿಬ್ಬದ ಮೇಲೆ ಏರಿಯಲ್ ನಿಲ್ಲಿಸಿ, ನಮ್ಮ ದೇಶದ ಭಾಷೆಗಳಲ್ಲಿ ಕಾರ್ಯಕ್ರಮ ಕಳಿಸುತ್ತಿದ್ದರು. ಶ್ರೀಲಂಕಾದ ಪುತ್ತಲಂನಿಂದ ಟ್ರಾನ್ಸ್ ವರ್ಲ್ಡ್ ರೇಡಿಯೋದವರು ಇದೇ ಕೆಲಸವನ್ನು ಮೀಡಿಯಂ ವೇವ್‌ನಲ್ಲಿ ಮಾಡ್ತಿದ್ದರು.

ಮೇಷ್ಟ್ರು ಅರಸೀಕೆರೆ ಸ್ಟೇಷನ್ನಲ್ಲಿ ಪ್ಯಾಸೆಂಜರ್ ಹತ್ತಿ ಬೆಂಗಳೂರಿಗೆ ಹೋಗಿ ಸ್ಟುಡಿಯೋದಲ್ಲಿ ಮಾತಾಡಿ ಬರೋರು. ಅದು ಟೇಪಿನಲ್ಲಿ ಸಮುದ್ರ ದಾಟಬೇಕು. ಅಲ್ಲಿಂದ ಆಕಾಶಕ್ಕೆ ಏರಿ, ಮೇಲಿನ ಪದರಕ್ಕೆ ತಾಗಿ, ತಿರುಗಿ ನಮ್ಮ ಕೇರಿಗೇ ಇಳಿಯಬೇಕು. ಕ್ರಿಸ್‌ಮಸ್ಸಿನ ಮಾತನ್ನ ವಾರಗಟ್ಟಲೆ ಮೊದಲೇ ಆಡಿ ಬರಬೇಕಿತ್ತು. "ಮಳೆಗಾಲ ಮುಗಿಯೋ ಮೊದ್ಲೇ ಹಬ್ಬ ಮಾಡ್ತೀನಿ ಕಣಮ್ಮ ನಾನು" ಅಂತ ನಗೋರು.

ನಮ್ಮವ್ವ ಮೊದಲು ಕಿವಿಗೊಟ್ಟು ಕೇಳಿದ್ದು ಸಮಾರ್ಯದ ಹೆಂಗಸಿನ ಕತೆ. ಯೇಸು ಬಾವಿ ಹತ್ತಿರ ಕೂತು, ಯಾರ ಪಾತ್ರೆಯನ್ನು ಯೆಹೂದ್ಯರು ಮುಟ್ಟುತ್ತಿರಲಿಲ್ಲವೋ ಆ ಜನದ ಹೆಂಗಸಿನ ಹತ್ತಿರ ಕುಡಿಯೋಕೆ ನೀರು ಕೇಳ್ತಾನೆ. ಮೇಷ್ಟ್ರು ಅದನ್ನ ನಮ್ಮ ಸೀಮೆಯ ಬಾವಿ, ಹಗ್ಗ, ಬಿಂದಿಗೆ ಇಟ್ಟುಕೊಂಡು ಹೇಳಿದ್ದರು. ನಮ್ಮೂರಲ್ಲಿ ಆಗ ಮೇಲಿನ ಬಾವಿ ಬೇರೆ, ನಮ್ಮ ಬಾವಿ ಬೇರೆ. ಅವ್ವ ಒಲೆ ಮುಂದೆ ಕೂತಿದ್ದವಳು ಎದ್ದು ಬಂದು, "ಇದ್ಯಾರ್ಲಾ ನಮ್ ಬಾವಿ ಕತೆ ಹೇಳ್ತಾವ್ರೆ" ಅಂದಳು. ಬಾಬಾಸಾಹೇಬರು 1927ರಲ್ಲಿ ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಿದ್ದು ನನಗೆ ಗೊತ್ತಾಗಿದ್ದು ಕಾಲೇಜಿಗೆ ಹೋದ ಮೇಲೆ. ನೀರಿನ ಪ್ರಶ್ನೆ ಮಾತ್ರ ಅದಕ್ಕಿಂತ ಮೊದಲೇ ನಮ್ಮ ಮನೆಗೆ ರೇಡಿಯೋದಲ್ಲಿ ಬಂದಿತ್ತು.

ಅವ್ವ ನನ್ನ ಕೈಲಿ 15 ಪೈಸೆ ಕಾರ್ಡು ಬರೆಸಿದಳು. ಉತ್ತರ ಬಂತು, ಅದೂ ಅರಸೀಕೆರೆ ಮುದ್ರೆ ಹೊತ್ತು! ಇಷ್ಟು ಹತ್ತಿರ ಇದ್ದಾರಾ ಅಂತ ಒಂದು ಭಾನುವಾರ ಹುಡುಕಿಕೊಂಡು ಹೋದೆವು. ರೈಲ್ವೆ ಲೈನ್ ಪಕ್ಕ ಹೆಂಚಿನ ಮನೆ. ಮಿಷನ್ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದ ತೆಳ್ಳನೆಯ ಮನುಷ್ಯ. ದನಿಗೂ ಮೈಗೂ ಸಂಬಂಧವೇ ಇಲ್ಲ. ಮಾತಾಡ್ತಾ ಗೊತ್ತಾಯ್ತು, ಅವರೂ ನಮ್ಮ ಜನವೇ. ಅಪ್ಪನ ಕಾಲದಲ್ಲಿ ಸಭೆಗೆ ಸೇರಿದವರು.

ಅವರ ಕಣ್ಣಿಗೆ ಪೊರೆ ಬಂದಿತ್ತು. ಕೇಳುಗರ ಕಾಗದಗಳು ಬೆಂಗಳೂರಿಂದ ಕಟ್ಟು ಕಟ್ಟಲೆ ಬರೋವು. ಓದಿ ಹೇಳೋಕೆ ಒಬ್ಬರು ಬೇಕಿತ್ತು. ರಜಾ ದಿನ ನಾನು ಹೋಗ್ತಿದ್ದೆ. ಬಸ್ ಚಾರ್ಜು ಕೊಟ್ಟು, ಮಧ್ಯಾಹ್ನ ಮುದ್ದೆ ಸಾರು ಹಾಕೋರು. ಏಳೆಂಟು ವರ್ಷ ಹಂಗೆ ನಡೀತು. ನನ್ನ ನಿಜವಾದ ಓದು ಅಲ್ಲಿ ಆಯ್ತು. ಉತ್ತರ ಬರೆಯೋಕೆ ಅವರು ಮೂರು ಮಾತು ಹೇಳಿಕೊಟ್ಟರು: ಮೊದಲು ಅವರು ಏನು ಕೇಳಿದ್ದಾರೋ ಅದಕ್ಕೆ ಉತ್ತರ ಬರಿ, ಉಪದೇಶ ಆಮೇಲೆ. ಅವರು ಬಳಸಿದ ಮಾತಲ್ಲೇ ಬರಿ. ಓದೋಕೆ ಬರದವರು ಇನ್ನೊಬ್ಬರ ಕೈಲಿ ಓದಿಸ್ತಾರೆ, ಅವರ ಮಾನ ಕಾಪಾಡೋ ಹಂಗೆ ಬರಿ. ಇವತ್ತು ಆಫೀಸಿನಲ್ಲಿ ಯಾರಾದರೂ ಅರ್ಜಿ ಹಿಡಿದು ಬಂದರೆ, ಸಂಘಟನೆಗೆ ಯಾರಾದರೂ ಅಳ್ತಾ ಬಂದರೆ, ನಾನು ಮಾಡೋದು ಇಷ್ಟೇ.

ಅವರು ದೇವರಲ್ಲ, ತಪ್ಪು ಮಾಡೋರು. ಒಬ್ಬ ಹೆಣ್ಣುಮಗಳು ಗಂಡ ಹೊಡಿತಾನೆ ಅಂತ ಬರೆದಿದ್ದಳು. ಪ್ರಾರ್ಥನೆ ಮಾಡು ತಾಯಿ ಅಂತ ಬರಿ ಅಂದರು. ನಾನು ಪೆನ್ನು ಕೆಳಗಿಟ್ಟೆ. ಹದಿನಾರು ವರ್ಷ ನನಗೆ. "ಮೇಷ್ಟ್ರೇ, ಪ್ರಾರ್ಥನೆ ಮಾಡೋವಾಗ್ಲೂ ಹೊಡೆದ್ರೆ?" ಅಂದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಪ್ರಾರ್ಥನೆ ನಾನು ಮಾಡ್ತೀನಿ, ನೀನು ತವರಿಗೆ ಹೋಗು, ಪೋಲೀಸ್ ಸ್ಟೇಷನ್ನಿಗೂ ಹೋಗು ಅಂತ ಬರಿ" ಅಂದರು. ಮುಂದೆ ಅಂಥ ಕಾಗದ ಬಂದಾಗೆಲ್ಲ, "ಇದಕ್ಕೆ ನೀನೇ ಬರಿಯಮ್ಮ" ಅಂತ ನನ್ನ ಕಡೆಗೆ ತಳ್ಳೋರು.

ಒಂದು ಘಟನೆ ಹೇಳಲೇಬೇಕು. ಬೇಲೂರು ಕಡೆಯ ಒಂದು ಹಳ್ಳಿಯಿಂದ ಜಮೀನುದಾರರೊಬ್ಬರು ಕಾಗದ ಬರೆದಿದ್ದರು. ನಿಮ್ಮ ಕನ್ನಡ ಬಹಳ ಚೆಂದ, ದಿನಾ ಮನೆಮಂದಿಯೆಲ್ಲ ಕೂತು ಕೇಳ್ತೀವಿ, ಒಂದು ಸಲ ಬನ್ನಿ ಅಂತ. ಮೇಷ್ಟ್ರು ಇಸ್ತ್ರಿ ಅಂಗಿ ಹಾಕಿ ನನ್ನನ್ನೂ ಕರಕೊಂಡು ಹೊರಟರು. ಹಳೇಬೀಡಲ್ಲಿ ಬಸ್ಸು ಬದಲಿಸಿದೆವು. ಆ ಮನೆಯ ಬಾಗಿಲಲ್ಲಿ ದೊಡ್ಡ ಸ್ವಾಗತ. ಯಜಮಾನರು, "ನಿಮ್ಮದು ಮೂಲ ಯಾವ ಕಡೆ, ಯಾವ ಜನ?" ಅಂದರು. ಮೇಷ್ಟ್ರು ಮುಚ್ಚಿಡಲಿಲ್ಲ, ಹೇಳಿದರು. ನಡುಮನೆಯಲ್ಲಿ ಹಾಸಿದ್ದ ಚಾಪೆ ಅಲ್ಲೇ ಉಳೀತು. ಕಾಫಿ ಜಗಲಿಗೆ ಬಂತು, ನಮ್ಮಿಬ್ಬರಿಗೆ ಬೇರೆ ಲೋಟದಲ್ಲಿ. ಒಳಗೆ ಸ್ಟ್ಯಾಂಡಿನ ಮೇಲೆ ಅವರ ರೇಡಿಯೋ ಕಾಣ್ತಿತ್ತು, ಮೇಲೆ ಕಸೂತಿ ಬಟ್ಟೆ ಹೊದಿಸಿದ್ದರು.

ನಾನು ಕಾಫಿ ಕುಡಿಯಲಿಲ್ಲ. ವಾಪಸು ಬರೋವಾಗ ಬಸ್ಸಿನಲ್ಲಿ ಅತ್ತೆ. ಮೇಷ್ಟ್ರು ಹೇಳಿದರು: "ನನ್ ದನಿ ನಡುಮನೆವರೆಗೆ ಹೋಗೈತೆ. ನಾನು ಜಗಲಿವರೆಗೆ ಹೋಗಿವ್ನಿ. ಇನ್ನು ಹತ್ತು ಹೆಜ್ಜೆ ಐತೆ ಕಣಮ್ಮ. ಅದು ನನ್ ಕೈಲಿ ಆಗಲ್ಲ, ನೀವು ನಡೀಬೇಕು."

ಬೇಲೂರಿನ ಕತೆಯೇ ಹಾಗೆ. ಚೆನ್ನಕೇಶವನ ಚಪ್ಪಲಿ ಸವೆದರೆ ಹೊಸ ಜೊತೆ ಹೊಲಿದು ಕೊಡೋದು ನಮ್ಮ ಜನ ಅಂತ ಪ್ರತೀತಿ ಇದೆ. ಹಿಂದೆ ವರ್ಷದಲ್ಲಿ ಲೆಕ್ಕದ ದಿನ ಮಾತ್ರ ನಮಗೆ ಒಳಗೆ ಬಿಡ್ತಿದ್ದರು ಅಂತಲೂ ಹಳೆಯ ಗ್ರಂಥಗಳಲ್ಲಿ ಬರೆದಿದ್ದಾರೆ. ನಮ್ಮ ಕೈಯಲ್ಲಿ ಆದ ಚಪ್ಪಲಿಗೆ ಗರ್ಭಗುಡಿ, ಕೈಗೆ ಹೊರಗಿನ ಅಂಗಳ. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದಾಗ ನಾನೂ ಸಂತೋಷಪಟ್ಟೆ, ನಮ್ಮ ಸೀಮೆ ತಾನೇ. ಮೇಷ್ಟ್ರಿಗೆ ಹೇಳಿದಾಗ ಅವರು ಅಂದದ್ದು: "ಕೆತ್ತಿದೋರ ಹೆಸರಾದ್ರೂ ಕಲ್ಲಲ್ಲಿ ಐತೆ. ಕಲ್ಲು ಹೊತ್ತೋರ ಹೆಸರು ಎಲ್ಲೈತೆ ನೋಡ್ಕೊಂಡು ಬಾ."

ಕಾಲೇಜಿಗೆ ಹೋಗಿ ಸಂಘಟನೆಗೆ ಸೇರಿದ ಮೇಲೆ ನಾನು ಅವರ ಜೊತೆ ಜಗಳಕ್ಕೆ ಬಿದ್ದೆ. ಮತಾಂತರವಾದ ಅಸ್ಪೃಶ್ಯರು ಸಾಮಾಜಿಕ ಅನ್ಯಾಯದ ವಿರುದ್ಧ ಹೋರಾಡಲಿಲ್ಲ ಅಂತ ಬಾಬಾಸಾಹೇಬರು ಕಟುವಾಗಿ ಬರೆದಿದ್ದನ್ನು ತಗೊಂಡು ಹೋಗಿ ಅವರ ಮುಂದೆ ಓದಿದೆ. ಪರಲೋಕದ ಮಾತು ಸಾಕು, ಈ ಲೋಕದ್ದು ಹೇಳಿ ಅಂದೆ. ಅವರು ಸಿಟ್ಟಾಗಲಿಲ್ಲ. "ಸರಿಯಾಗೇ ಬರೆದವ್ರೆ. ಚರ್ಚಿನ ಒಳಗೂ ಜಾತಿ ಐತೆ, ಮಣ್ಣು ಮಾಡೋ ಜಾಗದಲ್ಲೂ ಐತೆ. ಇನ್ನೊಂದ್ಸಲ ಓದು" ಅಂದರು. ಓದಿದೆ. ಅದಾದ ವರ್ಷದಿಂದ ಆಗಸ್ಟ್ 10ರಂದು ತೋಳಿಗೆ ಕಪ್ಪು ಪಟ್ಟಿ ಕಟ್ಟೋಕೆ ಶುರು ಮಾಡಿದರು. ಏಪ್ರಿಲ್ 14ಕ್ಕೆ ನಮ್ಮ ಸಭೆಗೆ ಬಂದು ಹಿಂದಿನ ಸಾಲಲ್ಲಿ ಕೂರೋರು. ನನ್ನನ್ನು ದೀಕ್ಷಾಸ್ನಾನಕ್ಕೆ ಅವರು ಕರೆದದ್ದು ಒಂದೇ ಸಲ. ನಾನು ಬುದ್ಧನ ದಾರಿ ಅಂದೆ. ಆಮೇಲೆ ಕೇಳಲಿಲ್ಲ.

ಫೀಬಾದ ಸೇಶೆಲ್ಸ್ ಸ್ಟೇಷನ್ 2003ರಲ್ಲಿ ನಿಂತು ಹೋಯ್ತು. ಅಷ್ಟರಲ್ಲಿ ಮನೆಮನೆಗೆ ಟಿವಿ ಬಂದಿತ್ತು. ಮೇಷ್ಟ್ರ ದನಿಯೂ ಸೋತಿತ್ತು.

ಈಗ ನಾನು ಬರೆಯೋಕೆ ಹಿಂಜರಿದ ವಿಷಯ. ನಾನು ಗುಮಾಸ್ತೆ. ಕೆಲಸಕ್ಕೆ ಸೇರಿ ಕೆಲವು ವರ್ಷ ಆದ ಮೇಲೆ ನನ್ನ ಟೇಬಲ್ಲಿಗೆ ಒಂದು ಜಾತಿ ಪ್ರಮಾಣಪತ್ರದ ಅರ್ಜಿ ಬಂತು. ಮೇಷ್ಟ್ರ ಮೊಮ್ಮಗಳದ್ದು. ಪರಿಶಿಷ್ಟ ಜಾತಿ ಅಂತ ಕೇಳಿದ್ದರು. ಧರ್ಮದ ಕಾಲಮ್ಮಿನಲ್ಲಿ ಕ್ರೈಸ್ತ ಅಂತ ನೆಟ್ಟಗೆ ಬರೆದಿದ್ದರು. ಕಾನೂನು ಒಂದೇ ದಾರಿ ಬಿಟ್ಟಿತ್ತು. ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಬರ್ತಾರೆ. ಪರಿಶಿಷ್ಟ ಜಾತಿ ಪ್ರಮಾಣಪತ್ರ ಇಲ್ಲ. ಅಟ್ರಾಸಿಟಿ ಕಾಯ್ದೆಯ ರಕ್ಷಣೆಯೂ ಇಲ್ಲ. ಜಗಲಿಯಲ್ಲಿ ಬೇರೆ ಲೋಟ ಇಡೋರಿಗೆ ಮಾತ್ರ ಯಾವ ಪ್ರಮಾಣಪತ್ರವೂ ಬೇಕಾಗಿಲ್ಲ.

ನನ್ನ ಅವ್ವನೂ ಭಾನುವಾರ ಪ್ರಾರ್ಥನೆಗೆ ಹೋಗೋಳೇ. ದೀಕ್ಷಾಸ್ನಾನ ಆಗಿರಲಿಲ್ಲ, ನಮ್ಮ ಕಾಗದದಲ್ಲಿ ಹಿಂದೂ ಅಂತಲೇ ಇತ್ತು. ಆ ಕಾಗದದಿಂದಲೇ ನನಗೆ ಹಾಸ್ಟೆಲ್ಲು ಸಿಕ್ಕಿತು, ಬಿಎ ಆಯ್ತು, ಈ ಕುರ್ಚಿ ಸಿಕ್ಕಿತು. ಸುಳ್ಳು ಬರೆಯದ ಮನುಷ್ಯನ ಮೊಮ್ಮಗಳಿಗೆ ಅದೇ ಕುರ್ಚಿಯಲ್ಲಿ ಕೂತು ನಾನೇ ಹಿಂಬರಹದ ಕರಡು ಬರೆದೆ: ಕೋರಿಕೆ ಪರಿಗಣಿಸಲು ನಿಯಮಾನುಸಾರ ಅವಕಾಶವಿರುವುದಿಲ್ಲ.

ಸಂಜೆ ಅವರ ಮನೆಗೆ ಹೋದೆ. ಮೊಮ್ಮಗಳ ಕೈಲಿ ಓದಿಸಿ ಕೇಳಿದ್ದರು. "ಯಾರ ಅಕ್ಷರ ಅಂತ ಕೇಳ್ದೆ. ದುಂಡಗೈತೆ ತಾತ ಅಂದ್ಳು. ನೀನೇ ಅಂತ ಗೊತ್ತಾಯ್ತು. ಮುದ್ದೆ ಐತೆ, ಉಣ್ಣು ಬಾ" ಅಂದರು. ಅಷ್ಟೇ. ಬೈದಿದ್ದರೆ ಹಗುರ ಆಗ್ತಿತ್ತು.

ಮದ್ರಾಸಿನಲ್ಲಿ ಸೂಸೈ ಅಂತ ಒಬ್ಬ ಚಪ್ಪಲಿ ಹೊಲಿಯೋರು ಇದ್ದರು. ರಸ್ತೆ ಬದಿ ಚಮ್ಮಾರರಿಗೆ ಸರ್ಕಾರ ಪೆಟ್ಟಿಗೆ ಅಂಗಡಿ ಕೊಟ್ಟಾಗ, ನೀನು ಕ್ರೈಸ್ತ ಅಂತ ಅವರಿಗೆ ಕೊಡಲಿಲ್ಲ. ಸುಪ್ರೀಂ ಕೋರ್ಟಿಗೆ ಹೋದರು. 1985ರಲ್ಲಿ ಸೋತರು. ಧರ್ಮ ಬದಲಾದ ಮೇಲೂ ಅದೇ ಪ್ರಮಾಣದ ಸಂಕಷ್ಟ ಇದೆ ಅಂತ ತೋರಿಸೋ ಆಧಾರ ಸಾಲದು ಅಂತ ತೀರ್ಪಾಯ್ತು. ಅದೇ ಉಳಿ, ಅದೇ ಚರ್ಮ, ಅದೇ ರಸ್ತೆ ಬದಿ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಮೂರನೇ ಪ್ಯಾರಾ ತೆಗೀರಿ ಅಂತ ಹೇಳಿತು. 2022ರಲ್ಲಿ ಇನ್ನೊಂದು ಆಯೋಗ, ನ್ಯಾಯಮೂರ್ತಿ ಬಾಲಕೃಷ್ಣನ್ ಅವರದ್ದು. ಮೇಷ್ಟ್ರು ಕಾಯ್ತಾ ಕಾಯ್ತಾ ಹೋದರು.

2021ರ ನವೆಂಬರಿನಲ್ಲಿ ಬೇಲೂರಿನ ಪ್ರಾರ್ಥನಾ ಮಂದಿರಕ್ಕೆ ಒಂದು ಗುಂಪು ನುಗ್ಗಿದ್ದು, ಒಳಗಿದ್ದ ಹೆಂಗಸರು ಎದ್ದು ನಿಂತು ಎದುರು ಮಾತಾಡಿದ ವಿಡಿಯೋ ನೀವೂ ನೋಡಿರ್ತೀರಿ. ಅದನ್ನ ಮೇಷ್ಟ್ರ ಕಿವಿ ಹತ್ತಿರ ಹಿಡಿದೆ. ಕಣ್ಣು ಆಗ ಪೂರ್ತಿ ಹೋಗಿತ್ತು. ಹೆಂಗಸರ ದನಿ ಕೇಳಿ, "ಇನ್ನೊಂದ್ಸಲ ಹಾಕು" ಅಂದರು. ಮೂರು ಸಲ ಕೇಳಿದರು.

ನಮ್ಮ ಸಂಘಟನೆಗಳಲ್ಲೇ ಒಂದು ಭಯ ಇದೆ, ಅವರನ್ನ ಸೇರಿಸಿದರೆ ನಮ್ಮ ಪಾಲು ಕರಗುತ್ತೆ ಅಂತ. ಭಯ ಸುಳ್ಳು ಅನ್ನಲ್ಲ. ಪಾಲು ಹೆಚ್ಚಿಸಿ ಅಂತ ಕೇಳೋಣ, ಒಳಗೆ ಲೆಕ್ಕ ಹಾಕಿ ಹಂಚಿ ಅಂತ ಕೇಳೋಣ. ಆದರೆ ಊರು ಅವರನ್ನು ಯಾವ ಹೆಸರಲ್ಲಿ ಕರೆಯುತ್ತೋ ಅದನ್ನ ಮರೆತು, ಅವರು ನಮ್ಮವರಲ್ಲ ಅಂತ ನಾವೇ ಹಿಂಬರಹ ಬರೆಯೋದು ಬೇಡ. ಒಂದು ಸಲ ಬರೆದ ಕೈ ಇದು, ಆ ಭಾರ ಏನು ಅಂತ ನನಗೆ ಗೊತ್ತು.

ಮುಂದಿನ ಸಭೆ ಮಾಡೋವಾಗ ನಿಮ್ಮ ಊರಿನ ದಲಿತ ಕ್ರೈಸ್ತರೊಬ್ಬರನ್ನ ಕರೀರಿ. ಹಿಂದಿನ ಸಾಲಲ್ಲಿ ಕೂರಿಸಬೇಡಿ, ಮೈಕು ಕೊಡಿ. ಹತ್ತು ಹೆಜ್ಜೆ ಉಳಿದಿದೆ.

ಜೈ ಭೀಮ್.