ಗೊಲ್ಲತಿಯನ್ನು ಕೈಬಿಟ್ಟ ರಾತ್ರಿ

ಮುದುಕರಿಗೆ ನಿದ್ರೆ ಕಡಿಮೆಯೆಂಬುದು ಲೋಕರೂಢಿಯ ಮಾತು. ಆದರೆ ಈ ದಸರೆಯಲ್ಲಿ ನನ್ನ ಮಧ್ಯಾಹ್ನದ ನಿದ್ರೆಯನ್ನು ಕೆಡಿಸಿದ್ದು ಮುಪ್ಪಲ್ಲ, ಮೊಮ್ಮಗ. ರಜೆಗೆಂದು ಬೆಂಗಳೂರಿನಿಂದ ಗೋಕಾಕಕ್ಕೆ ಬಂದವನು ಜೊತೆಗೊಬ್ಬ ಗೆಳೆಯನನ್ನೂ ಕರೆತಂದಿದ್ದ. ಮೊದಲೆರಡು ದಿನ ಜಲಪಾತವಾಯಿತು, ತೂಗುಸೇತುವೆಯಾಯಿತು, ಕರದಂಟಿನ ಡಬ್ಬಿಯೊಂದು ಬರಿದಾಯಿತು. ಮೂರನೆಯ ದಿನ ಇಬ್ಬರೂ ಪಡಸಾಲೆಯಲ್ಲಿ ಕುಳಿತು ಜಗಳಕ್ಕೆ ಆರಂಭಿಸಿದರು.

"ಮೊದಲು ಗುಂಡು ಹೊಡೆದವನು ಹ್ಯಾನ್!" ಎಂದು ನನ್ನ ಮೊಮ್ಮಗ ಕೂಗಿದ.

"ಇಲ್ಲ, ಗ್ರೀಡೊ. ಹ್ಯಾನ್ ಹೊಡೆದದ್ದು ಜೀವ ಉಳಿಸಿಕೊಳ್ಳಲಿಕ್ಕೆ," ಎಂದ ಗೆಳೆಯ.

ಯಾವುದೋ ಖೂನಿಯ ಮೊಕದ್ದಮೆಯಲ್ಲಿ ಹುಡುಗರು ಸಾಕ್ಷಿಗಳಾಗಿ ಸಿಕ್ಕಿಕೊಂಡಿದ್ದಾರೆಂದೇ ನಾನು ಗಾಬರಿಯಾದೆ. ಹಾಸಿಗೆಯಿಂದೆದ್ದು ಬಂದು ವಿಚಾರಿಸಿದರೆ ಮೊಮ್ಮಗ ನಕ್ಕುಬಿಟ್ಟ. "ಅಜ್ಜಾ, ಇದು ಖರೇ ಖೂನಿ ಅಲ್ಲ. ಸಿನಿಮಾ."

ಮುಂದಿನ ಒಂದು ಗಂಟೆಯ ಹೊತ್ತು ನನಗೆ ಪಾಠವಾಯಿತು. 1977ರ ಮೇ 25ರಂದು ಅಮೆರಿಕೆಯಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಎಂಬ ಚಿತ್ರ, ಅದರ ಬೆನ್ನಿಗೆ ಬಂದ ಮತ್ತೆ ಹಲವು ಚಿತ್ರಗಳು, ಎಲ್ಲ ಕೂಡಿ ಬಾಹ್ಯಾಕಾಶದ ಒಂದು ಪುರಾಣವೇ ಆಗಿದೆಯಂತೆ. ಅದನ್ನು ಕಟ್ಟಿದಾತ ಜಾರ್ಜ್ ಲ್ಯೂಕಾಸ್. ಮೊದಲ ಚಿತ್ರದ ಒಂದು ಪಾನಗೃಹದಲ್ಲಿ ಹ್ಯಾನ್ ಸೋಲೊ ಎಂಬ ಸಾಹಸಿಯ ಎದುರಿಗೆ ಗ್ರೀಡೊ ಎಂಬ ಹಸಿರು ಮೈಯ ಬಾಡಿಗೆಯ ಬೇಟೆಗಾರ ಪಿಸ್ತೂಲು ಹಿಡಿದು ಕೂಡುತ್ತಾನೆ. ಹ್ಯಾನ್ ಮಾತಿನಲ್ಲಿ ಹೊತ್ತು ಕಳೆಯುತ್ತ, ಮೇಜಿನ ಕೆಳಗಿನಿಂದಲೇ ಅವನನ್ನು ಹೊಡೆದುರುಳಿಸುತ್ತಾನೆ. ಇಪ್ಪತ್ತು ವರ್ಷ ಜನ ಕಂಡದ್ದು ಇದನ್ನೇ. 1997ರಲ್ಲಿ ಲ್ಯೂಕಾಸ್ ಹೊಸ ಯಂತ್ರಕೌಶಲದಿಂದ ಚಿತ್ರವನ್ನು ತಿದ್ದಿ ಮರಳಿ ತೆರೆಗೆ ತಂದಾಗ, ಗ್ರೀಡೊನೇ ಮೊದಲು ಹೊಡೆದು ಗುರಿ ತಪ್ಪುತ್ತಾನೆ, ಆಮೇಲೆ ಹ್ಯಾನ್ ಹೊಡೆಯುತ್ತಾನೆ. 2004ರಲ್ಲಿ ಮತ್ತೆ ತಿದ್ದಿ ಇಬ್ಬರೂ ಹೆಚ್ಚುಕಡಿಮೆ ಒಂದೇ ಕ್ಷಣಕ್ಕೆ ಹೊಡೆದಂತೆ ಮಾಡಿದರು. 2019ರಲ್ಲಿ ಅದೂ ಸಾಲದೆ ಸಾಯುವ ಗ್ರೀಡೊನ ಬಾಯಲ್ಲಿ ‘ಮ್ಯಾಕ್ಲಂಕಿ’ ಎಂಬ ಒಂದು ಮಾತು ಹೊಸದಾಗಿ ಬಂದಿತು. ಒಬ್ಬ ಪಾಪಿ ಸಾಯಲು ಇಷ್ಟು ಸಲ ಆಲೋಚನೆ ಮಾಡಬೇಕಾಯಿತೇ ಎಂದು ನನಗೆ ನಗೆ ಬಂದಿತು. ಹುಡುಗರು ನಗಲಿಲ್ಲ.

"ನಗೂದಲ್ಲ ಅಜ್ಜಾ. ಹ್ಯಾನ್ ಮೊದಲಿಗೆ ಕೆಟ್ಟವ ಇರತಾನ, ಆಮೇಲೆ ಒಳ್ಳೆಯವ ಆಗತಾನ. ಮೊದಲ ಗುಂಡು ಕಸಗೊಂಡರ ಅವನ ಕಥೀನ ಹೋತು," ಎಂದ ಮೊಮ್ಮಗ. ಗೆಳೆಯನೂ ಸುಮ್ಮನಿರಲಿಲ್ಲ. "ಕಟ್ಟಿದವನಿಗೆ ತಿದ್ದುವ ಹಕ್ಕಿಲ್ಲವೇ ತಾತ? 1976ರಲ್ಲಿ ಜಬ್ಬಾ ಎಂಬ ಪಾತ್ರದ ದೃಶ್ಯವನ್ನು ಒಬ್ಬ ಮನುಷ್ಯನನ್ನು ನಿಲ್ಲಿಸಿ ಚಿತ್ರಿಸಿ ಕೈಬಿಟ್ಟಿದ್ದರು. 1997ರಲ್ಲಿ ಆ ಮನುಷ್ಯನ ಜಾಗದಲ್ಲಿ ಕಂಪ್ಯೂಟರಿನಿಂದ ದೊಡ್ಡ ಹುಳುವಿನಂಥ ಜಬ್ಬಾನನ್ನು ಕೂಡಿಸಿ ಆ ದೃಶ್ಯವನ್ನು ಉಳಿಸಿಕೊಂಡರು. ನಾಯಕನ ಗೆಳೆಯ ಬಿಗ್ಸ್‌ನ ದೃಶ್ಯಗಳನ್ನೂ ಕತ್ತರಿಸಿದ್ದರು. ಅದರಲ್ಲೊಂದು ಆಗಲೇ ಮರಳಿ ಬಂತು. ಇದರಲ್ಲಿ ತಪ್ಪೇನು?"

"ಹಂಗಾದರ ಸೆಬಾಸ್ಟಿಯನ್ ಶಾ ಏನು ತಪ್ಪು ಮಾಡಿದ್ದ?" ಎಂದು ಮೊಮ್ಮಗ ಸಿಡಿದ. 1983ರ ಚಿತ್ರದ ಕೊನೆಗೆ, ಸತ್ತು ಮುಕ್ತನಾದ ತಂದೆಯ ಛಾಯೆಯಾಗಿ ನಿಂತವನು ಈ ಹಿರಿಯ ನಟ. 1994ರಲ್ಲಿ ಆತ ತೀರಿಕೊಂಡ. 2004ರ ಪ್ರತಿಯಲ್ಲಿ ಅವನನ್ನು ಅಳಿಸಿ ಹೇಡನ್ ಕ್ರಿಸ್ಟೆನ್ಸೆನ್ ಎಂಬ ತರುಣನನ್ನು ಅಲ್ಲಿ ನಿಲ್ಲಿಸಿದರಂತೆ.

ಆ ಮಾತು ಕೇಳಿ ನನ್ನ ನಗೆ ನಿಂತಿತು. ಅವರು ಮತ್ತೂ ಬಹಳ ಹೇಳಿದರು. ಆದರೆ ನನ್ನ ಕಿವಿ ಅಲ್ಲಿರಲಿಲ್ಲ. ಅದು ಮೂಡಲಗಿಯ ಒಂದು ಬಯಲಿನಲ್ಲಿ, 1968ರ ಒಂದು ರಾತ್ರಿಯಲ್ಲಿ ಇತ್ತು.

ನಮ್ಮ ಸೀಮೆಯ ಪುರಾಣ ಶ್ರೀಕೃಷ್ಣ ಪಾರಿಜಾತ. ನಾರದ ಸ್ವರ್ಗದಿಂದ ಒಂದು ಹೂ ತರುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಯುತ್ತಾಳೆ. ಕಥೆ ಇಷ್ಟೇ. ಇಷ್ಟನ್ನು ರಾತ್ರಿಯೆಲ್ಲ ಹಾಡಿ, ಕುಣಿದು, ಮಾತಾಡಿ, ಬೆಳಗು ಮಾಡುತ್ತಿದ್ದರು. ಅಪರಾಳ ತಮ್ಮಣ್ಣನ ಆಟವನ್ನು ಹಳೆಯ ಗೋಕಾಕ ತಾಲೂಕಿನ ಕುಲಗೋಡದ ತಮ್ಮಣ್ಣ ಪರಿಷ್ಕರಿಸಿ ಇಂದಿನ ರೂಪಕ್ಕೆ ತಂದನೆಂದು ಬಲ್ಲವರು ಹೇಳುತ್ತಾರೆ. ಅಲ್ಲಿಯೇ ಸಮೀಪದ ಕೌಜಲಗಿಯ ನಿಂಗಮ್ಮನ ಸತ್ಯಭಾಮೆಯ ಹೆಸರು ನಮ್ಮ ಹಿರಿಯರ ನಾಲಗೆಯ ಮೇಲೆ ಸದಾ ಇತ್ತು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಬಯಲಾಟಗಳ ಈ ರಸವನ್ನು ತಮ್ಮ ನಾಟಕಗಳಿಗೆ ಹೇಗೆ ಹರಿಸಿದರೆಂಬುದು ಓದುಗರಿಗೆ ತಿಳಿದದ್ದೇ. ಘಟಪ್ರಭೆಯ ಎರಡೂ ದಂಡೆಗಳಲ್ಲಿ ಪಾರಿಜಾತದ ಒಂದು ಪದವನ್ನಾದರೂ ಗುನುಗದ ಮನೆ ಆ ಕಾಲಕ್ಕೆ ಅಪರೂಪ.

ಅಂಥ ಆಟಕ್ಕೆ ನಾನು ಕತ್ತರಿ ಹಾಕಿದೆ.

ಆಗ ನನಗೆ ಇಪ್ಪತ್ತೆರಡು ವರ್ಷ. ಧಾರವಾಡದಲ್ಲಿ ಓದಿ ಬಂದ ಬಿಸಿ ಇನ್ನೂ ಆರಿರಲಿಲ್ಲ. ಜಾತ್ರೆಗೆ ಪಾರಿಜಾತ ಆಡಿಸುವ ಪಂಚರ ನಡುವೆ ನನ್ನನ್ನೂ ಕೂಡಿಸಿಕೊಂಡಿದ್ದರು. ನಾನು ಎದ್ದುನಿಂತು ಭಾಷಣ ಮಾಡಿದೆ. ಕಾಲ ಬದಲಾಗಿದೆ, ಜನ ರಾತ್ರಿಯೆಲ್ಲ ಕೂಡಲಾರರು, ಆಟ ಮೂರು ತಾಸಿನಲ್ಲಿ ಮುಗಿಯಬೇಕು, ಗ್ಯಾಸಬತ್ತಿಯ ಬದಲು ವಿದ್ಯುದ್ದೀಪ ಬೇಕು, ಹಿಂದೆ ಅರಮನೆಯ ಚಿತ್ರವಿರುವ ಪರದೆ ಬೇಕು, ಸತ್ಯಭಾಮೆಗೆ ಇಳಕಲ್ಲ ಸೀರೆಯ ಬದಲು ಹೊಳೆಯುವ ನೈಲಾನ್ ಸೀರೆ ಬೇಕು. ಗೋಕಾಕದ ಮಗ್ಗುಲಿನ ಕೊಣ್ಣೂರು ಕಂಪನಿ ನಾಟಕಕ್ಕೆ ಹೆಸರಾದ ಊರು. ಪರದೆಯ ವೈಭವವೆಂದರೇನೆಂದು ನಮ್ಮವರಿಗೆ ಬೇರೆ ಹೇಳಬೇಕಾಗಿರಲಿಲ್ಲ, ಎಲ್ಲರೂ ತಲೆದೂಗಿದರು. ಮೂರು ತಾಸಿಗೆ ಇಳಿಸಲು ಏನನ್ನು ಬಿಡಬೇಕೆಂಬ ಪ್ರಶ್ನೆ ಬಂದಿತು. "ಗೊಲ್ಲತಿಯನ್ನು ಬಿಡೋಣ. ಆಕೆಗೂ ಪಾರಿಜಾತದ ಹೂವಿಗೂ ಸಂಬಂಧವೇನು?" ಎಂದೆ.

ಆಟದ ಆರಂಭದಲ್ಲಿ ಗೊಲ್ಲತಿ ಹಾಲು ಮಾರಲು ಬರುತ್ತಾಳೆ. ಕೃಷ್ಣ ಅಡ್ಡಗಟ್ಟುತ್ತಾನೆ. ಇಬ್ಬರಿಗೂ ಮಾತಿಗೆ ಮಾತು, ಪದಕ್ಕೆ ಪದ. ನಮ್ಮ ಕಡೆಯ ಮೇಳದಲ್ಲಿ ಅದು ಒಂದು ತಾಸಿಗೂ ಮೀರಿ ನಡೆಯುತ್ತಿತ್ತು. ಕಥೆ ಮಾತ್ರ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ. ನನ್ನ ತರ್ಕಕ್ಕೆ ಎದುರು ಮಾತಾಡಿದವನು ಒಬ್ಬನೇ, ಹುಕ್ಕೇರಿಯ ನಮ್ಮ ಕಾಕಾ. ಅಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ ಆತ ತಾರುಣ್ಯದಲ್ಲಿ ಹಿಮ್ಮೇಳದಲ್ಲಿ ಹಾಡಿದವನು. ಇಡಿಯ ಆಟ ಅವನಿಗೆ ಬಾಯಿಪಾಠ. ಜಾತ್ರೆಗೆಂದು ವರ್ಷಕ್ಕೊಮ್ಮೆ ಮೂಡಲಗಿಗೆ ಬಂದೇ ಬರುತ್ತಿದ್ದ.

"ತಮ್ಮಾ, ಹಾಲು ಮಾರಾಕ ಬಂದಾಕಿನ್ನ ಬಾಗಲದಾಗಿಂದನ ಹೊಳ್ಳಿ ಕಳಸತಿ. ಮನಿಯಾಗ ಮೊಸರು ಎಲ್ಲಿಂದ ಬರಬೇಕು?" ಎಂದನಾತ. ಪಂಚರು ನಕ್ಕರು. ನಾನೂ ನಕ್ಕೆ. ನಿರ್ಣಯ ನನ್ನ ಕಡೆಗಾಯಿತು.

ಆಟದ ರಾತ್ರಿ ನಡೆದುದನ್ನು ಮುಚ್ಚಿಡುವುದಿಲ್ಲ. ಮೊದಲಾದರೆ ನಾರದ ರಂಗದ ಮೇಲೆ ಎರಡು ಸುತ್ತು ತಿರುಗಿದರೆ ಸ್ವರ್ಗದಿಂದ ದ್ವಾರಕೆಗೆ ಬಂದಂತಾಗುತ್ತಿತ್ತು, ಯಾರೂ ಟಿಕೀಟು ಕೇಳುತ್ತಿರಲಿಲ್ಲ. ಈಗ ಹಿಂದೆ ಅರಮನೆ ಇತ್ತಾದ್ದರಿಂದ ನಾರದ ಬರುವ ಮೊದಲು ಪರದೆ ಬದಲಾಗಬೇಕಾಯಿತು. ಅದರ ಹಗ್ಗ ಸಿಕ್ಕಿಕೊಂಡಿತು. ದೇವರ್ಷಿಗಳು ಕೈಯಲ್ಲಿ ಹೂ ಹಿಡಿದು ಹತ್ತು ನಿಮಿಷ ಮೋಡದ ಮರೆಯಲ್ಲಿ ಕೆಮ್ಮುತ್ತ ನಿಂತರು. ಸತ್ಯಭಾಮೆ ಸಿಟ್ಟಿನಿಂದ ಸೆರಗು ಬಿಗಿದು ನೆಲಕ್ಕೆ ಕುಕ್ಕರಿಸಬೇಕು. ನೈಲಾನ್ ಸೆರಗು ಬಿಗಿದಷ್ಟೂ ಜಾರಿತು. ಆಕೆ ಕೃಷ್ಣನನ್ನು ಬಿಟ್ಟು ಸೀರೆಯನ್ನೇ ಸಂಭಾಳಿಸತೊಡಗಿದಳು. ಆದರೂ ಜನಕ್ಕೆ ಬೆಳಕು ಹಿಡಿಸಿತು, ಹೊಳಪು ಹಿಡಿಸಿತು, ಬೇಗ ಮುಗಿದದ್ದಂತೂ ಬಹಳವಾಗಿ ಹಿಡಿಸಿತು. ಹನ್ನೆರಡೂವರೆಗೆಲ್ಲ ಮನೆಗೆ ಹೋಗಿ ಮಲಗಿದರು. ನನ್ನ ಬೆನ್ನು ತಟ್ಟಿದರು.

ಕಾಕಾ ಮಾತ್ರ ಬೆಳಗಿನವರೆಗೂ ಆ ಬರಿದಾದ ಬಯಲಿನಲ್ಲಿ, ತಾನು ಹಾಸಿಕೊಂಡ ಕಂಬಳಿಯ ಮೇಲೆ ಕೂತೇ ಇದ್ದ. ಆಟವಿದ್ದ ರಾತ್ರಿ ಆತ ಮಲಗಿದವನೇ ಅಲ್ಲ. ಬೆಳಗಾದ ಮೇಲೆ ಎದ್ದು, ಯಾರಿಗೂ ಏನೂ ಹೇಳದೆ ಹುಕ್ಕೇರಿಯ ಹಾದಿ ಹಿಡಿದ. ಮುಂದೆ ಅವನು ಜಾತ್ರೆಗೆ ಬರಲಿಲ್ಲ.

ಬೇರೆ ಮೇಳಗಳು ಗೊಲ್ಲತಿಯನ್ನು ಆಡುತ್ತಲೇ ಬಂದವು. ನನ್ನೊಬ್ಬನಿಂದ ಬಡವಾಗುವಷ್ಟು ಪಾರಿಜಾತ ಬಡದಲ್ಲ. ಆದರೆ ನಮ್ಮ ಮೇಳದವರಿಗೆ ಮರುವರ್ಷ ನಾಲ್ಕು ಊರಿನವರು "ಆ ಮೂರು ತಾಸಿನದನ್ನೇ ಆಡಿರಿ" ಎಂದು ವೀಳ್ಯ ಕೊಟ್ಟರು. ಗೊಲ್ಲತಿಯ ಪಾತ್ರ ಮಾಡುತ್ತಿದ್ದ ಹುಡುಗನಿಗೆ ಕೆಲಸವಿಲ್ಲವಾಯಿತು, ಆತ ಗಿರಣಿಗೆ ಸೇರಿದ. ಐದಾರು ವರ್ಷಗಳಲ್ಲಿ ಆ ಮೇಳದಲ್ಲಿ ಆ ಧಾಟಿ ಬಲ್ಲವರೇ ಉಳಿಯಲಿಲ್ಲ. ಉಳಿದವನು ಕಾಕಾ. ಬರೆದುಕೊಳ್ಳಬೇಕೆಂದು ಮೂರು ಸಲ ಹುಕ್ಕೇರಿಗೆ ಹೋದೆ. ಮೂರು ಸಲವೂ ಮಳೆ ಬೆಳೆಯ ಮಾತಾಡಿ, ಚಹಾ ಕುಡಿದು ತಿರುಗಿ ಬಂದೆ. 1979ರಲ್ಲಿ ಕಾಕಾ ತೀರಿಕೊಂಡ.

ಇದನ್ನು ಹುಡುಗರಿಗೆ ಹೇಳಿದ್ದು ಅಂದು ರಾತ್ರಿ ಊಟವಾದ ಮೇಲೆ. ಮೊಮ್ಮಗನ ಗೆಳೆಯ ನನ್ನ ಸಹಾಯಕ್ಕೆ ಬಂದ. "ಕುಲಗೋಡದ ತಮ್ಮಣ್ಣನೂ ತಿದ್ದಿದವನೇ ಅಲ್ಲವೇ ತಾತ? ನೀವು ಮಾಡಿದ್ದೂ ಅದನ್ನೇ," ಎಂದ. ಹುಡುಗ ಚುರುಕು. ಐವತ್ತು ವರ್ಷಗಳಿಂದ ನಾನೂ ಇದೇ ಮಾತಿನಿಂದ ನನ್ನನ್ನು ಸಮಾಧಾನಪಡಿಸಿಕೊಳ್ಳುತ್ತ ಬಂದವನು. ಆದರೆ ತಮ್ಮಣ್ಣ ತಿದ್ದಿ ಹಾಡು ಕೊಟ್ಟ. ನಾನು ತಿದ್ದಿ ಹೊತ್ತು ಉಳಿಸಿದೆ.

ಮೊಮ್ಮಗ ಬೇರೆಯೇ ಒಂದು ಸಂಗತಿ ಹೇಳಿದ. 1988ರಲ್ಲಿ ಇದೇ ಲ್ಯೂಕಾಸ್ ಅಮೆರಿಕೆಯ ಶಾಸನಸಭೆಯ ಸಮಿತಿಯ ಮುಂದೆ ನಿಂತು, ಹಳೆಯ ಕಪ್ಪುಬಿಳುಪು ಚಿತ್ರಗಳಿಗೆ ಬಣ್ಣ ಬಳಿದು ಮೂಲವನ್ನು ಕೆಡಿಸುವವರ ವಿರುದ್ಧ ಸಾಕ್ಷಿ ನುಡಿದಿದ್ದನಂತೆ. ಅಂಥವನೇ ತನ್ನ ಚಿತ್ರದ ಮೂಲಪ್ರತಿಯನ್ನು ಹಿಂದಕ್ಕೆ ಸರಿಸಿ, ತಿದ್ದಿದ್ದೇ ನಿಜವಾದ ಚಿತ್ರವೆಂದ. 2006ರಲ್ಲಿ ಒಮ್ಮೆ ಮಾತ್ರ ಹಳೆಯದನ್ನು ಹೊಸದರ ಬಾಲಕ್ಕೆ ಕಟ್ಟಿ, ಹೆಚ್ಚಿಗೆಯ ತಟ್ಟೆಯಾಗಿ ಮಾರಿದರು. ಅದೂ ಮಸುಕಾಗಿತ್ತಂತೆ. ಅಭಿಮಾನಿಗಳು ಹಟ ಬಿಡದೆ ಚಿತ್ರಮಂದಿರಗಳ ಹಳೆಯ ಸುರುಳಿಗಳನ್ನು ಹುಡುಕಿ, ಒಂದೊಂದೇ ಚಿತ್ರಿಕೆಯನ್ನು ಸ್ವಚ್ಛಗೊಳಿಸಿ, 1977ರ ಪ್ರತಿಯನ್ನು ತಾವೇ ಕೂಡಿಸಿದರು. 2025ರ ಜೂನಿನಲ್ಲಿ ಲಂಡನ್ನಿನ ಒಂದು ಚಿತ್ರೋತ್ಸವದಲ್ಲಿ 1977ರ ಒಂದು ಸುರುಳಿಯನ್ನೇ ತೆರೆಯ ಮೇಲೆ ತೋರಿಸಿದರಂತೆ. ಅಲ್ಲಿ ಹ್ಯಾನ್ ಮೊದಲು ಹೊಡೆದ.

"ಅವರಿಗೆ ಸುರುಳಿ ಸಿಕ್ಕಿತಪ್ಪಾ," ಎಂದೆ.

"ಕಾಕಾನ ಮನಿಯಾಗ ಯಾರೂ ಇಲ್ಲೇನು ಅಜ್ಜಾ?"

ಇದ್ದಳು. ಕಾಕಾನ ಮಗಳು, ನನಗಿಂತ ಆರು ವರ್ಷ ಚಿಕ್ಕವಳು, ಹುಕ್ಕೇರಿಯಲ್ಲಿಯೇ ಮಗನ ಮನೆಯಲ್ಲಿ. ಮದುವೆ ಮುಂಜಿವೆಗಳಲ್ಲಿ ಭೆಟ್ಟಿಯಾಗುತ್ತಿದ್ದೆವು. ಆದರೆ ಗೊಲ್ಲತಿಯ ಮಾತನ್ನು ನಾನು ಅವಳೆದುರು ಎಂದೂ ಎತ್ತಿರಲಿಲ್ಲ. ಗಂಡಸರ ಹಿಮ್ಮೇಳದ ಹಾಡು ಅವಳಿಗೆ ಹೇಗೆ ತಿಳಿದೀತು ಎಂಬುದು ನಾನು ಹೇಳಿಕೊಳ್ಳುತ್ತಿದ್ದ ನೆವ.

ಮರುದಿನ ಮೂವರೂ ಬಸ್ಸು ಹತ್ತಿದೆವು. ಚಹಾ ಆಯಿತು, ಮಳೆ ಬೆಳೆಯ ಮಾತೂ ಆಯಿತು. ನಾನು ನಾಲ್ಕನೆಯ ಸಲವೂ ಹಾಗೆಯೇ ಎದ್ದು ಬರುತ್ತಿದ್ದೆನೋ ಏನೋ. ಮೊಮ್ಮಗನೇ ಬಾಯಿ ಬಿಟ್ಟ. "ಅಮ್ಮಾ, ನಿಮ್ಮಪ್ಪ ಹಾಡತಿದ್ದ ಗೊಲ್ಲತಿ ಪದ ನಿಮಗ ಬರತದೇನ್ರಿ?"

ಆಕೆ ನನ್ನ ಮುಖ ನೋಡಿದಳು. "ಅಣ್ಣಾ, ಇದನ್ನ ಕೇಳಾಕ ಇಷ್ಟು ವರ್ಷ ಬೇಕಾತೇನು?" ಎಂದಳು. ಸಿಟ್ಟಿನಿಂದಲ್ಲ. "ಅಪ್ಪ ಅಂಗಡ್ಯಾಗ ಕಾಳು ತೂಗೂ ಮುಂದ ದಿನಾ ಹಾಡತಿದ್ದ. ನಾನು ಚೀಲಾ ಹೊಲಕೋತ ಕೂತಿರತಿದ್ದೆ."

ಹುಡುಗರು ಮೊಬೈಲನ್ನು ಅವಳ ಮುಂದೆ ಒಂದು ತಂಬಿಗೆಗೆ ಆನಿಸಿ ನಿಲ್ಲಿಸಿದರು. ಆಕೆ ಸೆರಗು ಹೊದ್ದು, ಕಣ್ಣು ಮುಚ್ಚಿ, ಎಪ್ಪತ್ತಮೂರರ ಒಡೆದ ದನಿಯಲ್ಲಿ ಹಾಡತೊಡಗಿದಳು. ಗೊಲ್ಲತಿ ಬಂದಳು, ಕೃಷ್ಣ ಅಡ್ಡಗಟ್ಟಿದ. ನಡುನಡುವೆ ಮರೆತಳು, ಬಿಟ್ಟುಬಿಟ್ಟು ಮುಂದೆ ಹೋದಳು, ಮತ್ತೆ ನೆನಪಾಗಿ ಹಿಂದಕ್ಕೆ ಬಂದಳು. ನಲವತ್ತು ನಿಮಿಷವಾಗಿತ್ತು. ಒಂದು ಕಡೆ ನನಗೂ ಪದ ನೆನಪಾಗಿ ದನಿಗೂಡಿಸಹೋದೆ. ನನ್ನ ಧಾಟಿ ಮೇಲಕ್ಕೆ ಹೋಯಿತು, ಅವಳದು ಕೆಳಗಿಳಿಯಿತು. ನಾನು ತಡೆದು ನಿಂತೆ.

"ಇಲ್ಲೆ ಕಾಕಾ ಮ್ಯಾಲೆ ಹೋಗತಿದ್ದನಲ್ಲವಾ?"

"ಹೋಗತಿದ್ದ," ಎಂದಳು ಆಕೆ ಕಣ್ಣು ತೆರೆದು. "ನನಗ ಅಷ್ಟು ಎತ್ತರ ದನಿ ನಿಲ್ಲಾಂಗಿಲ್ಲ. ಅದಕ್ಕ ನಾನ ಬದಲ ಮಾಡೀನಿ."

ಮೊಮ್ಮಗ ಗೆಳೆಯನ ಮುಖ ನೋಡಿದ. ಗೆಳೆಯ ನಗೆ ತಡೆಯಲಾರದೆ ಅಂಗಳಕ್ಕೆ ಎದ್ದುಹೋದ. ಮೊಬೈಲು ಇನ್ನೂ ನಡೆದಿತ್ತು. "ಅಣ್ಣಾ, ನಿನಗ ನೆನಪಿದ್ದರ ಮ್ಯಾಲಿನದು ನೀನು ಹಾಡು," ಎಂದಳಾಕೆ. ನಾನು ಕೆಮ್ಮಿ ಗಂಟಲು ಸರಿಪಡಿಸಿಕೊಂಡೆ.