ನಡುಗೋಡೆಯ ಬಿರುಕು

ಹಳೆಯ ಡೀಸೆಲ್ ಟ್ರಕ್ಕಿನ ಟರ್ಬೊ ಬಿಚ್ಚಿದವರು ಮೊದಲು ನೋಡುವುದು ಒಳಗಿನ ಚಕ್ರವನ್ನು. ರೆಕ್ಕೆಗಳು ಮುಕ್ಕಾಗಿವೆಯೇ, ಶಾಫ್ಟು ಅಲ್ಲಾಡುತ್ತದೆಯೇ ಎಂದು ಬೆರಳಿನಿಂದ ತಿರುಗಿಸಿ ನೋಡುತ್ತಾರೆ. ನನ್ನ ಕಣ್ಣು ಹೋಗುವುದು ಅದರ ಸುತ್ತಲಿನ ಎಕ್ಸಾಸ್ಟ್ ಹೌಸಿಂಗಿನ ಮೇಲೆ. ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡು, ಒಳಗೆ ಹೋದಹಾಗೆ ಕಿರಿದಾಗುವ, ತುಕ್ಕುಗಂದು ಬಣ್ಣದ ಭಾರವಾದ ಎರಕ ಅದು. ಎಂಜಿನ್ನಿನಿಂದ ಹೊರಬಿದ್ದ ಬಿಸಿ ಹೊಗೆಯನ್ನು ಹಿಡಿದು, ಸುತ್ತಿಸಿ, ವೇಗ ಕೊಟ್ಟು ಚಕ್ರದ ಮೇಲೆ ಬಿಡುವುದು ಅದರ ಕೆಲಸ. ಚಕ್ರ ಕೆಟ್ಟರೆ ಹೊಸದು ಹಾಕುತ್ತಾರೆ, ಬೇರಿಂಗ್ ಸವೆದರೆ ಬದಲಾಯಿಸುತ್ತಾರೆ. ಹೌಸಿಂಗ್ ಮಾತ್ರ ಹಾಗೇ ಉಳಿದು, ಆ ಟ್ರಕ್ಕು ಎಳೆದ ಹೊರೆಯನ್ನೂ ಹತ್ತಿದ ಏರನ್ನೂ ಮೈಮೇಲೆ ಬರೆಸಿಕೊಂಡಿರುತ್ತದೆ.

ನಾನಿರುವುದು ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್ಸಿನಲ್ಲಿ. ಕಮಿನ್ಸ್ ಕಂಪನಿ 1919ರಲ್ಲಿ ಹುಟ್ಟಿದ ಊರು ಇದು. 1989ರಲ್ಲಿ ಡಾಡ್ಜ್‌ನವರು ತಮ್ಮ ಪಿಕಪ್ ಟ್ರಕ್ಕಿಗೆ ಕಮಿನ್ಸ್‌ನ 5.9 ಲೀಟರಿನ, ಸಾಲಾಗಿ ಆರು ಸಿಲಿಂಡರಿನ ಎಂಜಿನ್ ಕೂರಿಸಿದರು. ಶಕ್ತಿ ಬರೀ 160 ಅಶ್ವಶಕ್ತಿ. ಆದರೆ ಎಳೆಯುವ ತಾಕತ್ತು ರೈತರ ಮನಸ್ಸು ಗೆದ್ದಿತು. ಇದೇ ವಂಶದ ಎಂಜಿನ್ನು ನಮ್ಮೂರಿನ ಕಡೆಗೂ ಬಂತು. 1993ರಲ್ಲಿ ಟಾಟಾ ಮತ್ತು ಕಮಿನ್ಸ್ ಕೈಜೋಡಿಸಿದ ಮೇಲೆ ಜಮ್‌ಶೆಡ್‌ಪುರದಲ್ಲಿ ಅದನ್ನು ಕಟ್ಟತೊಡಗಿದರು, ಟಾಟಾ ಲಾರಿಗಳು ಅದನ್ನು ಹೊತ್ತು ದೇಶವೆಲ್ಲ ಓಡಿದವು. ಶಿರಾಡಿ ಘಾಟಿಯಲ್ಲಿ ಹೊರೆ ಹೊತ್ತು ಏದುಸಿರು ಬಿಡುತ್ತ ಏರುವ ಟಾಟಾ ಲಾರಿಯ ಸಿಳ್ಳು ಕೇಳಿದವರಿಗೆ ಇಲ್ಲಿನ ಹಳೆಯ ಡಾಡ್ಜ್ ರ‍್ಯಾಮಿನ ಸದ್ದು ಪರಕೀಯ ಅನಿಸುವುದಿಲ್ಲ. ನನಗಂತೂ ಅನಿಸಲಿಲ್ಲ.

ಆ ಸಿಳ್ಳು ಟರ್ಬೊದ್ದು. 1994ರ ನಂತರದ ಕೆಲವು ವರ್ಷಗಳ ರ‍್ಯಾಮ್‌ಗಳಲ್ಲಿ ಬರುವ ಹೋಲ್ಸೆಟ್ ಎಚ್‌ಎಕ್ಸ್‌35 ನನಗೆ ಪ್ರಿಯವಾದ ಟರ್ಬೊ. ಹೋಲ್ಸೆಟ್ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ 1952ರಲ್ಲಿ ಶುರುವಾದ ಕಂಪನಿ. ಹೊರೆ ಬಿದ್ದಾಗ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ದಾಟುತ್ತದೆ. ಈ ಟರ್ಬೊದ ಹೌಸಿಂಗಿನ ಬಾಯಲ್ಲಿ ಒಂದು ನಡುಗೋಡೆ ಇದೆ. ಹೊಗೆಯ ದಾರಿಯನ್ನು ಅದು ಎರಡಾಗಿ ಸೀಳುತ್ತದೆ. ಮುಂದಿನ ಮೂರು ಸಿಲಿಂಡರಿನ ಹೊಗೆ ಒಂದು ದಾರಿಗೆ, ಹಿಂದಿನ ಮೂರರದ್ದು ಇನ್ನೊಂದಕ್ಕೆ.

ಇದರ ಚೆಲುವು ತಿಳಿಯಬೇಕಾದರೆ ಸಿಲಿಂಡರುಗಳು ಉರಿಯುವ ಸರದಿ ನೋಡಬೇಕು: 1, 5, 3, 6, 2, 4. ಮುಂದಿನ ಗುಂಪಿನದೊಂದು, ಹಿಂದಿನ ಗುಂಪಿನದೊಂದು, ಮತ್ತೆ ಮುಂದಿನದು, ಮತ್ತೆ ಹಿಂದಿನದು. ಒಂದೊಂದು ದಾರಿಗೆ ಸರಿಯಾಗಿ ಬಿಡುವು ಕೊಟ್ಟು ಹೊಗೆಯ ಗುದ್ದು ಬರುತ್ತದೆ. ಗೋಡೆ ಇಲ್ಲದಿದ್ದರೆ ಈಗ ತಾನೇ ಬಿಟ್ಟ ಗುದ್ದು, ಪಕ್ಕದಲ್ಲಿ ಇನ್ನೂ ಹೊಗೆ ಖಾಲಿ ಮಾಡುತ್ತಿರುವ ಸಿಲಿಂಡರಿಗೆ ಎದುರಾಗಿ ನುಗ್ಗುತ್ತದೆ. ಗೋಡೆ ಇದ್ದರೆ ಪ್ರತಿ ಗುದ್ದೂ ಸೊಕ್ಕು ಕಳೆದುಕೊಳ್ಳದೆ ಚಕ್ರಕ್ಕೆ ಬಡಿಯುತ್ತದೆ. ಕೆಳಗಿನ ವೇಗದಲ್ಲೇ ಟರ್ಬೊ ಎದ್ದು ನಿಲ್ಲುತ್ತದೆ. ಕಾಲಿಟ್ಟ ಕೂಡಲೇ ಟ್ರಕ್ಕು ಮುಂದಕ್ಕೆ ಜಿಗಿಯುವುದರಲ್ಲಿ ಈ ಗೋಡೆಯ ಪಾಲು ದೊಡ್ಡದು.

ಬಿರುಕು ಬೀಳುವುದೂ ಅಲ್ಲೇ.

ಅದಕ್ಕೆ ಕಾರಣ ಸರಳ. ಭಾರವಾದ ಟ್ರೈಲರ್ ಎಳೆಯುತ್ತ ಏರು ಹತ್ತುವಾಗ ಹೊಗೆಯ ಬಿಸಿ 650, 700 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ನೂರು ಮಿಲಿಮೀಟರ್ ಉದ್ದದ ಕಬ್ಬಿಣ 600 ಡಿಗ್ರಿ ಹೆಚ್ಚು ಕಾದರೆ ಸುಮಾರು 0.7 ಮಿಲಿಮೀಟರ್ ಬೆಳೆಯುತ್ತದೆ. ನಡುಗೋಡೆ ತೆಳ್ಳಗಿದೆ, ಎರಡೂ ಮಗ್ಗುಲಲ್ಲಿ ಬೆಂಕಿ ತಿನ್ನುತ್ತದೆ. ಅದು ಬೇಗ ಕಾದು ಬೇಗ ಬೆಳೆಯಬಯಸುತ್ತದೆ. ಅದನ್ನು ಸುತ್ತ ಹಿಡಿದಿರುವ ಫ್ಲ್ಯಾಂಜ್ ದಪ್ಪ, ನಿಧಾನ. ಗೋಡೆಗೆ ಬೆಳೆಯಲು ಜಾಗ ಸಿಗದೆ ತನ್ನೊಳಗೇ ಒತ್ತಿಕೊಂಡು ಕುಗ್ಗುತ್ತದೆ. ಆರಿದಾಗ ಕುಗ್ಗಿದ್ದು ಕುಗ್ಗಿದ್ದೇ, ಮೊದಲಿನ ಅಳತೆಗೆ ಬರಲು ಕಬ್ಬಿಣ ಸಾಲದು, ಈಗ ಎಳೆತ ಶುರು. ಇದು ಸಾವಿರ ಸಲ ನಡೆದರೆ ಎಲ್ಲೋ ಒಂದು ಚೂಪು ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಗೆರೆ ಮೂಡುತ್ತದೆ. ಹೌಸಿಂಗ್ ಮಾಡುವವರಿಗೆ ಇದು ಗೊತ್ತು. ಅದಕ್ಕೇ ಸಿಲಿಕಾನ್ ಮತ್ತು ಮಾಲಿಬ್ಡಿನಮ್ ಬೆರೆಸಿದ ಎರಕ ಬಳಸುತ್ತಾರೆ. ಇನ್ನೂ ಬಿಸಿ ತಾಳಬೇಕಾದ ಕಡೆ ಮೂರನೇ ಒಂದು ಭಾಗದಷ್ಟು ನಿಕಲ್ ಇರುವ ದುಬಾರಿ ಎರಕ ಹೊಯ್ಯುತ್ತಾರೆ.

ಎಲ್ಲ ಬಿರುಕೂ ಒಂದೇ ಅಲ್ಲ, ಮತ್ತು ಈ ವ್ಯತ್ಯಾಸ ಓದುವುದರಲ್ಲೇ ನನಗೆ ದಿನ ಹೋಗುವುದು ತಿಳಿಯುವುದಿಲ್ಲ. ನಡುಗೋಡೆಯ ಮೂತಿಯಲ್ಲಿ ನಿಂತ ಸಣ್ಣ ಗೆರೆ ಎಷ್ಟೋ ವರ್ಷ ಹಾಗೇ ಇರುತ್ತದೆ. ಗೋಡೆ ತನಗೆ ಬೇಕಾದ ಸಡಿಲವನ್ನು ತಾನೇ ಮಾಡಿಕೊಂಡಿತು, ಎಳೆತ ಇಳಿಯಿತು, ಅಷ್ಟೆ. ಒಂದು ದಾರಿಯಿಂದ ಇನ್ನೊಂದಕ್ಕೆ ಅಲ್ಲಿ ನುಸುಳುವ ಹೊಗೆ ಲೆಕ್ಕಕ್ಕೆ ಬರುವಷ್ಟಿಲ್ಲ. ಫ್ಲ್ಯಾಂಜಿನ ಮುಖಕ್ಕೆ ಅಡ್ಡವಾಗಿ ಹೊರಟು ಬೋಲ್ಟ್ ತೂತಿನ ಕಡೆ ಹೋಗುವ ಬಿರುಕು ಬೇರೆ ಜಾತಿ. ಅದು ಗ್ಯಾಸ್ಕೆಟ್ ತಿನ್ನುತ್ತದೆ. ಹೆಚ್ಚಾದ ಹೊಗೆಯನ್ನು ಚಕ್ರಕ್ಕೆ ತಾಗದಂತೆ ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ತೂತಿನಿಂದ ಹೊರಟು ಚಕ್ರ ತಿರುಗುವ ಜಾಗಕ್ಕೆ ಇಳಿಯುವ ಬಿರುಕನ್ನು ಕಂಡರೆ ಆ ಹೌಸಿಂಗನ್ನು ನಾನು ಪಕ್ಕಕ್ಕಿಡುತ್ತೇನೆ. ಅಲ್ಲಿ ಒಂದು ಚೂರು ಕಿತ್ತು ಬಂದರೆ ಅದು ಹೋಗಿ ಬೀಳುವುದು ಲಕ್ಷ ಸುತ್ತು ಸುತ್ತುವ ಚಕ್ರದ ಮೇಲೆ. ಹೊರಗೋಡೆ ದಾಟಿದ ಬಿರುಕಿನ ಬಾಯಲ್ಲಿ ಮಸಿ ಕೂತಿರುತ್ತದೆ, ನೋಡಿದ ತಕ್ಷಣ ತಿಳಿಯುತ್ತದೆ.

ಬಿರುಕು ಹುಡುಕಲು ಕೆಂಪು ಬಣ್ಣ ಮತ್ತು ಬಿಳಿ ಸ್ಪ್ರೇಯ ಡಬ್ಬಿಗಳು ಸಿಗುತ್ತವೆ. ನನಗೆ ಹಿಡಿಸಿದ್ದು ಹಿಂದೆ ರೈಲ್ವೆ ವರ್ಕ್‌ಶಾಪುಗಳಲ್ಲಿ ನಡೆಯುತ್ತಿದ್ದ ಪದ್ಧತಿ. ಹೌಸಿಂಗನ್ನು ತೊಳೆದು ಸೀಮೆಎಣ್ಣೆಯಲ್ಲಿ ನೆನೆಸಿಡಬೇಕು. ಆಮೇಲೆ ಮೇಲ್ಮೈಯನ್ನು ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಹಚ್ಚಬೇಕು. ಬಿರುಕಿನೊಳಗೆ ಸೇರಿಕೊಂಡ ಎಣ್ಣೆ ನಿಧಾನವಾಗಿ ಮೇಲೆ ಬಂದು ಬಿಳಿ ಸುಣ್ಣದ ಮೇಲೆ ಒದ್ದೆ ಗೆರೆ ಎಳೆಯುತ್ತದೆ. ಎಲ್ಲಿ ಶುರು, ಎಲ್ಲಿ ತುದಿ, ಎಲ್ಲಿ ಕವಲು, ಎಲ್ಲ ಕಾಣುತ್ತದೆ. ಚಹಾ ಕುಡಿದು ಮುಗಿಸುವ ಹೊತ್ತಿಗೆ ನಕ್ಷೆ ಸಿದ್ಧ.

ಇಷ್ಟು ಓದಿದ ಮೇಲೆಯೇ ಪೋರ್ಟಿಂಗಿಗೆ ಕೈ ಹಾಕುವುದು. ಡೈ ಗ್ರೈಂಡರಿಗೆ ಕಾರ್ಬೈಡ್ ಬರ್ ಸಿಕ್ಕಿಸಿ ಹೊಗೆಯ ದಾರಿಯನ್ನು ತಿದ್ದುವ ಕೆಲಸಕ್ಕೆ ಇಲ್ಲಿ ಹಾಗೆನ್ನುತ್ತಾರೆ. ಎರಕದ ಅಚ್ಚಿನ ಏಣು, ಗ್ಯಾಸ್ಕೆಟ್ಟಿನ ತೂತಿಗೂ ಹೌಸಿಂಗಿನ ಬಾಯಿಗೂ ನಡುವೆ ಉಳಿದ ಮೆಟ್ಟಿಲು, ವೇಸ್ಟ್‌ಗೇಟಿನ ತೂತಿಗೆ ಹೊಗೆ ತಿರುಗಿಕೊಳ್ಳುವ ಜಾಗದ ಮುರುಕು ಮೂಲೆ, ಇವನ್ನೆಲ್ಲ ತೆಗೆಯಬೇಕು. ಇಂಧನ ಹೆಚ್ಚಿಸಿಕೊಂಡ ಟ್ರಕ್ಕುಗಳಲ್ಲಿ ವೇಸ್ಟ್‌ಗೇಟ್ ಪೂರ್ತಿ ತೆರೆದರೂ ಸಾಕಷ್ಟು ಹೊಗೆ ಪಕ್ಕಕ್ಕೆ ಹೋಗದೆ ಬೂಸ್ಟ್, ಅಂದರೆ ಟರ್ಬೊ ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ, ತಾನಾಗಿ ಏರುತ್ತಲೇ ಇರುತ್ತದೆ, ಚಕ್ರ ಮಿತಿಮೀರಿ ಸುತ್ತುತ್ತದೆ. ಅದಕ್ಕೆ ಆ ತೂತನ್ನು ಅಗಲಿಸುತ್ತಾರೆ. ಆದರೆ ಮುಚ್ಚಳ ಕೂರುವ ಅಂಚಿಗೆ ಸುತ್ತ ಕೆಲವು ಮಿಲಿಮೀಟರ್ ಬಿಡದೆ ಕೊರೆದರೆ ಮುಚ್ಚಳ ಮುಚ್ಚುವುದೇ ಇಲ್ಲ.

ಹೊಸಬರು ಅಗಲ ಮಾಡುವುದನ್ನೇ ಪೋರ್ಟಿಂಗ್ ಅಂದುಕೊಳ್ಳುತ್ತಾರೆ. ನನ್ನ ಕೆಲಸದ ಬಹುಪಾಲು ಚೂಪು ತೆಗೆಯುವುದರಲ್ಲೇ ಕಳೆಯುತ್ತದೆ. ಬಿರುಕು ಹುಟ್ಟುವುದು ಚೂಪು ಅಂಚಿನಲ್ಲಿ, ಹೊಗೆ ತಡವರಿಸುವುದೂ ಅದೇ ಅಂಚಿನಲ್ಲಿ. ಒಂದೇ ಉಜ್ಜಿಗೆ ಎರಡೂ ತೊಂದರೆ ಕರಗುತ್ತವೆ. ಇದು ಗೊತ್ತಾದ ದಿನದಿಂದ ಈ ಕೆಲಸದ ಮೇಲಿನ ನನ್ನ ಪ್ರೀತಿ ಇಮ್ಮಡಿಯಾಗಿದೆ. ಇನ್ನೊಂದು ಕಡೆ, ಗೋಡೆಯನ್ನು ತೆಳ್ಳಗೆ ಮಾಡಿದಷ್ಟೂ ಅದು ಬೇಗ ಕಾಯುತ್ತದೆ, ಬೇಗ ಸೀಳುತ್ತದೆ. ಬರ್ ಕಚ್ಚುವ ಸದ್ದು ಬದಲಾಗುವುದನ್ನು ಕಿವಿ ಹಿಡಿಯಬೇಕು: ದಪ್ಪ ಎರಕದ ಮೇಲೆ ಮಂದ್ರದ ಗುರುಗುರು, ಗೋಡೆ ಸಣ್ಣಗಾದಂತೆ ಒಂದು ಝೇಂಕಾರ ಸೇರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಒಳಗೋಡೆಯನ್ನು ಕನ್ನಡಿಯಂತೆ ಪಾಲಿಶ್ ಮಾಡುವವರೂ ಇದ್ದಾರೆ. ಮಸಿ ಕೂತ ಮೇಲೆ ಆ ಹೊಳಪು ಉಳಿಯುವುದಿಲ್ಲ. ನಾನು ಆ ಗೋಜಿಗೆ ಹೋಗುವುದಿಲ್ಲ. ಕೊನೆಯಲ್ಲಿ ಸೋಪುನೀರು, ಬ್ರಷ್ಷು, ಗಾಳಿಯ ಹೊಡೆತ. ಒಂದು ಕಬ್ಬಿಣದ ಕಣ ಉಳಿದರೂ ಚಕ್ರಕ್ಕೆ ಕೇಡು.

ವೆಲ್ಡಿಂಗ್ ಬಗ್ಗೆ ಕೇಳುತ್ತಾರೆ. ಎರಕವನ್ನು ಮೊದಲೇ ಕಾಯಿಸಿ, ನಿಕಲ್ ರಾಡಿನಿಂದ ಚೂರುಚೂರೇ ಕಟ್ಟಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಬೂದಿಯಲ್ಲಿ ಹೂತು ಆರಿಸುವ ಕೈಗಳಿವೆ, ಅವಕ್ಕೆ ನನ್ನ ನಮಸ್ಕಾರ. ಆದರೂ ಈ ಜಾಗದಲ್ಲಿ ಬೆಸುಗೆಯ ಪಕ್ಕದಲ್ಲೇ ಮತ್ತೆ ಒಡೆಯುವುದನ್ನು ಹೆಚ್ಚಾಗಿ ಕಂಡಿದ್ದೇನೆ.

ಧಾರವಾಡದ ಕಡೆಯ ಗೆಳೆಯನೊಬ್ಬ ಶನಿವಾರ ಗ್ಯಾರೇಜಿಗೆ ಬರುತ್ತಾನೆ. ಅವನದೂ ಇದೇ ಎಂಜಿನ್ನಿನ ಟ್ರಕ್ಕು. ಅವನ ಹೌಸಿಂಗಿನ ಗೋಡೆಯಲ್ಲಿ ಸುಣ್ಣದ ಮೇಲೆ ಎದ್ದ ಗೆರೆ ನೋಡಿ ನಾನು, "ಇದನ್ನು ಮುಟ್ಟಬೇಡ, ಅಂಚು ಮಾತ್ರ ದುಂಡಗೆ ಮಾಡೋಣ" ಅಂದೆ.

"ಅಲ್ಲೋ ಮಾರಾಯಾ, ಆ ಗ್ವಾಡಿ ಯಾಕ ಬೇಕ? ಬಿರುಕ ಎಲ್ಲೀತನ ಅದ ಅಲ್ಲೀತನ ಕಡದ ಒಗಿ. ಹೊಗಿ ಆರಾಮ ಹೋಗ್ತದ," ಅಂದ.

"ಕಡಿದರೆ ಎರಡು ದಾರಿ ಒಂದಾಗುತ್ತದಲ್ಲ, ಕೆಳಗಿನ ಎಳೆತ ಹೋಗುತ್ತೆ."

"ಒಂದ ಬೆಟ್ಟಿನಷ್ಟಕ್ಕ ಏನೂ ಆಗಂಗಿಲ್ಲ. ಮ್ಯಾಲಿನ ಸ್ಪೀಡಿಗೆ ಛಲೋನ ಆಗ್ತದ."

ಅವನ ವಾದದಲ್ಲಿ ತಿರುಳಿಲ್ಲದೆ ಇಲ್ಲ. ಹೊಗೆಯ ದಾರಿ 12 ಚದರ ಸೆಂಟಿಮೀಟರ್ ಇರುವ ಹೌಸಿಂಗ್ ತೆಗೆದು 16ರದ್ದು ಹಾಕುವವರು ಬಯಸುವುದೂ ಅದನ್ನೇ: ಚಕ್ರ ಏಳುವುದು ತುಸು ತಡವಾದರೂ ಎಂಜಿನ್ನಿನ ಬೆನ್ನಿಗೆ ಬೀಳುವ ಹೊಗೆಯ ಒತ್ತಡ ಇಳಿಯಲಿ ಎಂದು. ಆದರೆ ಹೊರೆ ಎಳೆಯುವ ಟ್ರಕ್ಕು ಬದುಕುವುದು ಕೆಳಗಿನ ವೇಗದಲ್ಲಿ ಎಂಬ ನನ್ನ ಪಟ್ಟನ್ನು ನಾನೂ ಬಿಡಲಿಲ್ಲ. ಕೊನೆಗೆ ಅವನದನ್ನು ಅವನ ಇಷ್ಟದಂತೆ ಬಿರುಕಿನ ತುದಿಯವರೆಗೆ ಹಿಂದಕ್ಕೆ ಕಡಿದು ಅಂಚು ದುಂಡಗೆ ಮಾಡಿದೆವು. ನನ್ನದರಲ್ಲಿ ಗೋಡೆಯೂ ಉಳಿಯಿತು, ಗೆರೆಯೂ ಉಳಿಯಿತು. ಇಬ್ಬರ ಮ್ಯಾನಿಫೋಲ್ಡಿಗೂ ಹೊಗೆಯ ಒತ್ತಡ ಅಳೆಯುವ ಮೀಟರಿಗೆ ತೂತು ಕೊರೆದಾಗಿದೆ. ಬೇಸಿಗೆಯಲ್ಲಿ ಒಂದೇ ಟ್ರೈಲರನ್ನು ಸರದಿಯ ಮೇಲೆ ಎಳೆದುಕೊಂಡು ಕೊಲರಾಡೊಗೆ ಹೋಗುವುದೆಂದು ಮಾತಾಗಿದೆ. ಡೆನ್ವರ್ ದಾಟಿ ಐಸೆನ್‌ಹೋವರ್ ಸುರಂಗದತ್ತ, ಸುಮಾರು 3,400 ಮೀಟರ್ ಎತ್ತರಕ್ಕೆ ಏರುವ ಹೆದ್ದಾರಿ ಅಲ್ಲಿದೆ. ಗಾಳಿ ತೆಳ್ಳಗಾದಂತೆ ಟರ್ಬೊ ಇನ್ನೂ ಹೆಚ್ಚು ಸುತ್ತಬೇಕಾಗುತ್ತದೆ, ಹೊಗೆಯ ಬಿಸಿಯೂ ಏರುತ್ತದೆ. ಬೂಸ್ಟ್ ಎಷ್ಟು, ಹೊಗೆಯ ಒತ್ತಡ ಎಷ್ಟು, ಬಿಸಿ ಎಷ್ಟು ಎಂದು ಮೈಲಿಗಲ್ಲಿಗೊಮ್ಮೆ ಬರೆದುಕೊಳ್ಳಲು ಅವನು ಈಗಾಗಲೇ ಒಂದು ನೋಟುಬುಕ್ಕಿನಲ್ಲಿ ಗೆರೆ ಎಳೆದು ತಂದಿದ್ದಾನೆ.