ಗಾಳಿಗೆ ಪಾಲುದಾರರು

ಡೆನ್ಮಾರ್ಕಿನ ಹೌ ಎಂಬ ಪುಟ್ಟ ಬಂದರಿನಿಂದ ಸ್ಯಾಮ್ಸೊ ದ್ವೀಪಕ್ಕೆ ಹಡಗಿನಲ್ಲಿ ಒಂದು ಗಂಟೆಯ ಹಾದಿ. ಮೇಲಟ್ಟದಲ್ಲಿ ನಿಂತರೆ ಮಾತಾಡಲು ಬಾಯಿ ತೆರೆಯುವಂತಿಲ್ಲ, ಗಾಳಿ ಮಾತನ್ನು ಗಂಟಲಿಗೇ ವಾಪಸು ತಳ್ಳುತ್ತದೆ. ನಾನು ಚಿತ್ರದುರ್ಗದವನು, ಜೋಗಿಮಟ್ಟಿಯ ಗಾಳಿ ಕುಡಿದು ಬೆಳೆದವನು, ಗಾಳಿಗೆ ಹೆದರುವ ಪೈಕಿಯಲ್ಲ. ಆದರೂ ಸ್ವೆಟರಿನ ಮೇಲೊಂದು ಕೋಟು ಏರಿಸಿ, ಕಂಬಿ ಹಿಡಿದು ನಿಂತಿದ್ದೆ. ಜೂನ್ ತಿಂಗಳು. ಇವರ ಲೆಕ್ಕದಲ್ಲಿ ಇದು ಬೇಸಿಗೆಯಂತೆ!

ನಮ್ಮೂರ ಗುಡ್ಡಗಳ ಮೇಲೂ ಗಾಳಿಯಂತ್ರಗಳಿವೆ. ನಾವು ಅವನ್ನು ‘ಫ್ಯಾನು’ ಅನ್ನುತ್ತೇವೆ. ಹೆದ್ದಾರಿಯಲ್ಲಿ ಹೋಗುವಾಗ ಮಕ್ಕಳು ಎಣಿಸುತ್ತಾರೆ, ನೆಂಟರು ಫೋಟೊ ತೆಗೆಯುತ್ತಾರೆ, ಅಲ್ಲಿಗೆ ನಮಗೂ ಅವಕ್ಕೂ ಸಂಬಂಧ ಮುಗಿಯಿತು. ಸ್ಯಾಮ್ಸೊದಲ್ಲಿ ನನ್ನನ್ನು ಮೊದಲ ದಿನವೇ ಬೆಪ್ಪಾಗಿಸಿದ್ದು ಯಂತ್ರದ ಎತ್ತರವಲ್ಲ. ನಾನು ಉಳಿದುಕೊಂಡಿದ್ದ ಮನೆಯ ಯಜಮಾನಿ, ಎಪ್ಪತ್ತು ದಾಟಿದ ನಿವೃತ್ತ ದಾದಿ, ಅಡುಗೆಮನೆಯ ಕಿಟಕಿಯಿಂದ ದೂರದ ಹೊಲದ ಕಡೆ ಬೆರಳು ತೋರಿಸಿ, “ಆ ಕೊನೆಯದರಲ್ಲಿ ನನ್ನ ಪಾಲಿದೆ” ಎಂದರು. ಹೇಳಿದ ರೀತಿಯಲ್ಲಿ ಜಂಬವೇನೂ ಇರಲಿಲ್ಲ. ಆಲೂಗಡ್ಡೆ ಬೇಯಲು ಇಟ್ಟು ಮತ್ತೆ ಕಿಟಕಿಯ ಕಡೆ ನೋಡಿ, “ಇವತ್ತು ಚೆನ್ನಾಗಿ ತಿರುಗುತ್ತಿದೆ” ಎಂದು ತಮಗೇ ಹೇಳಿಕೊಂಡರು.

ಸುಮಾರು 114 ಚದರ ಕಿಲೋಮೀಟರ್ ವಿಸ್ತೀರ್ಣ, 3,700ರ ಆಸುಪಾಸಿನ ಜನ. ಇಷ್ಟೇ ಸ್ಯಾಮ್ಸೊ. ಹೊಸ ಆಲೂಗಡ್ಡೆಗೆ ಇಡೀ ಡೆನ್ಮಾರ್ಕಿನಲ್ಲಿ ಹೆಸರುವಾಸಿ. ದಾರಿ ಬದಿಯಲ್ಲಿ ಆಲೂಗಡ್ಡೆ, ಸ್ಟ್ರಾಬೆರಿ, ಜಾಮಿನ ಬಾಟಲಿ ಜೋಡಿಸಿಟ್ಟ ಮರದ ಗೂಡಂಗಡಿಗಳು. ಮಾರುವವರಿಲ್ಲ, ದುಡ್ಡು ಹಾಕಲು ಒಂದು ಡಬ್ಬಿ ಮಾತ್ರ. ಮೊದಲ ಅಂಗಡಿಯ ಮುಂದೆ ನಾನು ಮಾಲೀಕನಿಗಾಗಿ ಸುತ್ತ ಹುಡುಕಿ ಹುಡುಕಿ, ಸೈಕಲ್ಲಿನಲ್ಲಿ ಹೋಗುತ್ತಿದ್ದ ಹುಡುಗಿಯೊಬ್ಬಳು ನಕ್ಕ ಮೇಲೆ ಡಬ್ಬಿಗೆ ನಾಣ್ಯ ಹಾಕಿದೆ.

1997ರವರೆಗೆ ಈ ದ್ವೀಪ ತನಗೆ ಬೇಕಾದ ಎಣ್ಣೆಯನ್ನು ಹಡಗಿನಲ್ಲೂ ಕರೆಂಟನ್ನು ಸಮುದ್ರದಡಿಯ ಕೇಬಲ್ಲಿನಲ್ಲೂ ತರಿಸಿಕೊಳ್ಳುತ್ತಿತ್ತು. ಆ ಕರೆಂಟು ಬಹುಪಾಲು ಕಲ್ಲಿದ್ದಲಿನದು. ಆ ವರ್ಷ ಡೆನ್ಮಾರ್ಕ್ ಸರ್ಕಾರ ಒಂದು ಸ್ಪರ್ಧೆ ನಡೆಸಿತು: ಹತ್ತು ವರ್ಷದಲ್ಲಿ ಪೂರ್ತಿಯಾಗಿ ನವೀಕರಿಸಬಹುದಾದ ಇಂಧನಕ್ಕೆ ಬದಲಾಗುವ ಯೋಜನೆ ಯಾವ ಜಾಗದ್ದು ಚೆನ್ನ? ದ್ವೀಪದವರೇ ಅಲ್ಲದ ಒಬ್ಬ ಎಂಜಿನಿಯರು ಮೇಯರ್ ಒಪ್ಪಿಗೆ ಪಡೆದು ಸ್ಯಾಮ್ಸೊ ಹೆಸರಲ್ಲಿ ಅರ್ಜಿ ಹಾಕಿದರು. ಸ್ಯಾಮ್ಸೊ ಗೆದ್ದಿತು. ಊರಿನ ಹೆಚ್ಚಿನವರಿಗೆ ತಾವು ಸ್ಪರ್ಧೆಯಲ್ಲಿದ್ದದ್ದೇ ಗೊತ್ತಿರಲಿಲ್ಲ. ಬಹುಮಾನವಾಗಿ ದುಡ್ಡೂ ಬರಲಿಲ್ಲ, ತೆರಿಗೆ ವಿನಾಯಿತಿಯೂ ಸಿಗಲಿಲ್ಲ. ಬಂದದ್ದು ಬಿರುದು ಮಾತ್ರ. ಅದೇ ಹೊತ್ತಿಗೆ ದ್ವೀಪದ ಕಸಾಯಿಖಾನೆ ಮುಚ್ಚಿ ನೂರರಷ್ಟು ಜನರ ಕೆಲಸ ಹೋಗಿತ್ತು. ಹೊಟ್ಟೆಪಾಡಿನ ಚಿಂತೆಯಲ್ಲಿರುವವರ ಮುಂದೆ ಹವಾಮಾನದ ಭಾಷಣ ಮಾಡಿದರೆ ಯಾರು ಕೇಳುತ್ತಾರೆ?

ಇಲ್ಲಿ ಸೋರೆನ್ ಹೆರ್ಮನ್ಸೆನ್ ಬರುತ್ತಾರೆ. ದ್ವೀಪದ ರೈತರ ಮನೆಯ ಮಗ, ಪರಿಸರ ಪಾಠ ಹೇಳುತ್ತಿದ್ದ ಮೇಷ್ಟ್ರು, ಈ ಯೋಜನೆಯ ಮೊದಲ ಸಂಬಳದ ನೌಕರ. ಊರೂರ ಸಭೆಗೆ ಹೋಗಿ ಕೂತರು, ಬಿಯರ್ ಹಂಚಿದರು, ಬೈಸಿಕೊಂಡರು, ಮತ್ತೆ ಹೋದರು. ಯಾರ ಮಾತಿಗೆ ಊರು ತಲೆದೂಗುತ್ತದೋ ಅಂಥವರನ್ನು ಮೊದಲು ಒಲಿಸಿಕೊಂಡರು. 2008ರಲ್ಲಿ ಟೈಮ್ ಪತ್ರಿಕೆ ಅವರನ್ನು ಪರಿಸರದ ವೀರರ ಪಟ್ಟಿಗೆ ಸೇರಿಸಿತು. ದ್ವೀಪದಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಅವರು ಬರೀ ‘ಸೋರೆನ್’.

2000ದ ಹೊತ್ತಿಗೆ ನೆಲದ ಮೇಲೆ 11 ಗಾಳಿಯಂತ್ರಗಳು ಎದ್ದವು, ಒಂದೊಂದೂ 1 ಮೆಗಾವಾಟಿನವು. ವರ್ಷದ ಲೆಕ್ಕ ಹಿಡಿದರೆ ದ್ವೀಪದ ಕರೆಂಟಿಗೆ ಅಷ್ಟೇ ಸಾಕು. ಒಂಬತ್ತು ರೈತರ ಸ್ವಂತದ್ದು, ಎರಡು ಸಹಕಾರಿ ಸಂಘದ್ದು. ನನ್ನ ಆತಿಥೇಯ ಅಜ್ಜಿಯ ಪಾಲು ಆ ಎರಡರಲ್ಲೊಂದರದು. ಗಾಳಿ ಬೀಳುವ ದಿನ ಕೇಬಲ್ಲಿನಲ್ಲಿ ಕರೆಂಟು ಆಚೆಯಿಂದ ಬರುತ್ತದೆ, ಬೀಸುವ ದಿನ ಅದೇ ಕೇಬಲ್ಲಿನಲ್ಲಿ ಹೊರಗೆ ಹೋಗುತ್ತದೆ.

ಆಮೇಲೆ ಅವರು ಮಾಡಿದ್ದನ್ನು ಕೇಳಿ ನನಗೆ ನಗುವೂ ಬಂತು, ಮೆಚ್ಚುಗೆಯೂ ಆಯಿತು. ಕಾರು, ಟ್ರ್ಯಾಕ್ಟರು, ಹಡಗುಗಳಿಗೆ ಎಣ್ಣೆ ಬಿಡಿಸುವುದು ಸುಲಭವಲ್ಲ ಅಂತ ಗೊತ್ತಾದಾಗ, ಅವು ಸುಡುವಷ್ಟು ಇಂಧನಕ್ಕೆ ಪ್ರತಿಯಾಗಿ ಶುದ್ಧ ಕರೆಂಟು ತಯಾರಿಸಿ ಹೊರಗೆ ಕಳಿಸೋಣ ಎಂದು ದಕ್ಷಿಣದ ಸಮುದ್ರದಲ್ಲಿ 2.3 ಮೆಗಾವಾಟಿನ ಹತ್ತು ಯಂತ್ರಗಳನ್ನು ನಿಲ್ಲಿಸಿದರು. ಅದು 2003ರ ಮಾತು. ಹತ್ತರಲ್ಲಿ ಐದು ನಗರಸಭೆಯವು. 2005ರ ಹೊತ್ತಿಗೆ ದ್ವೀಪ ತಾನು ಬಳಸುವುದಕ್ಕಿಂತ ಹೆಚ್ಚು ನವೀಕರಿಸಬಹುದಾದ ಶಕ್ತಿಯನ್ನು ಉತ್ಪಾದಿಸುತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ಎಣ್ಣೆಯ ಪಾಪ ತೊಳೆಯಿತು, ರಸ್ತೆಯ ಮೇಲೆ ಎಣ್ಣೆ ಉಳಿಯಿತು. ಇದನ್ನು ಜಾಣತನ ಅನ್ನಬಹುದು, ತಾತ್ಕಾಲಿಕ ಸಮಾಧಾನ ಅಂತಲೂ ಅನ್ನಬಹುದು. ನಾನು ಎರಡೂ ಅಂದುಕೊಂಡೆ.

ನನ್ನನ್ನು ಯಂತ್ರಗಳಿಗಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಹುಲ್ಲು. ಬಾಲೆನ್ ಊರಿನ ಹತ್ತಿರ ಒಂದು ಶೆಡ್ಡಿಗೆ ಕರೆದೊಯ್ದರು. ಒಳಗೆ ಸೂರಿನ ತನಕ ಗೋಧಿ ಹುಲ್ಲಿನ ದೊಡ್ಡ ದೊಡ್ಡ ಕಟ್ಟುಗಳು. ಒಂದೊಂದಾಗಿ ಬೆಲ್ಟಿನ ಮೇಲೆ ಸಾಗಿ ಬಾಯ್ಲರಿನ ಬಾಯಿಗೆ ಹೋಗುತ್ತವೆ. ಅಲ್ಲಿ ಕಾದ ನೀರು ನೆಲದಡಿಯ ಕೊಳವೆಗಳಲ್ಲಿ ಹರಿದು ಮನೆ ಮನೆಯನ್ನೂ ಬೆಚ್ಚಗಿಟ್ಟು, ಸ್ನಾನದ ನೀರನ್ನೂ ಕಾಯಿಸಿ, ತಣ್ಣಗಾಗಿ ಮತ್ತೆ ಇಲ್ಲಿಗೇ ಬರುತ್ತದೆ. ಊರಿಗೆಲ್ಲ ಒಂದೇ ಬಚ್ಚಲ ಹಂಡೆ! ಇಂಥ ಸ್ಥಾವರಗಳು ದ್ವೀಪದಲ್ಲಿ ನಾಲ್ಕಿವೆ. ಮೂರಕ್ಕೆ ಹುಲ್ಲು, ಉತ್ತರದ ನೋರ್ಡ್‌ಬಿ ಕಡೆಯದಕ್ಕೆ ಮರದ ಚಕ್ಕೆ ಮತ್ತು ಬಿಸಿಲು. ಅಲ್ಲಿ 2,500 ಚದರ ಮೀಟರಿನಷ್ಟು ಸೌರಫಲಕಗಳ ನಡುವೆ ಬೆಳೆಯುವ ಹುಲ್ಲನ್ನು ಕುರಿಗಳು ಮೇಯುತ್ತವೆ. ನಾನು ಹೋದಾಗ ಒಂದು ಕುರಿ ಫಲಕದ ನೆರಳಲ್ಲಿ ಮಲಗಿತ್ತು. ಯುರೋಪಿನ ಇಂಧನ ನೀತಿಯಲ್ಲಿ ಇಷ್ಟು ನೆಮ್ಮದಿ ಕಂಡವರು ಕಡಿಮೆ.

ಹುಲ್ಲು ಸುಡುವುದನ್ನು ಕಂಡು ನನ್ನೊಳಗಿನ ರೈತನ ಮಗ ಗೊಣಗದೆ ಇರಲಿಲ್ಲ. ಬಣವೆಗೆ ಬೆಂಕಿ ಬಿದ್ದರೆ ನಮ್ಮಲ್ಲಿ ಊರೇ ಕೊಡಪಾನ ಹಿಡಿದು ಓಡುತ್ತದೆ. “ದನಕ್ಕೆ ಏನು ಹಾಕುತ್ತೀರಿ?” ಎಂದು ಕೇಳಿದೆ. ಸ್ಥಾವರ ನೋಡಿಕೊಳ್ಳುವ ಹುಡುಗನಿಗೆ ಪ್ರಶ್ನೆಯೇ ವಿಚಿತ್ರ. ಇಲ್ಲಿ ಧಾನ್ಯ ವಿಪರೀತ, ದನ ಕಡಿಮೆ, ಹೆಚ್ಚಾದ ಹುಲ್ಲನ್ನು ಹಿಂದೆ ಹೊಲದಲ್ಲೇ ಸುಡುತ್ತಿದ್ದರಂತೆ. ಈಗ ರೈತನಿಗೆ ಹುಲ್ಲಿಗೂ ಬೆಲೆ ಸಿಗುತ್ತದೆ, ಬೂದಿ ಗೊಬ್ಬರವಾಗಿ ಹೊಲಕ್ಕೆ ಮರಳುತ್ತದೆ.

ಕರೆದ ಹಾಲು ಬೆಚ್ಚಗಿರುತ್ತದಲ್ಲ, ಅದನ್ನು ತಣಿಸುವಾಗ ಹೊರಬರುವ ಶಾಖದಿಂದ ಮನೆ ಕಾಯಿಸಿಕೊಂಡ ರೈತರೂ ಇಲ್ಲಿದ್ದಾರೆ. ಕ್ಯಾನೋಲಾ ಬೀಜದ ಎಣ್ಣೆ ಹಿಂಡಿ ಟ್ರ್ಯಾಕ್ಟರ್ ಓಡಿಸಿದವರೂ ಇದ್ದಾರೆ. ಇದನ್ನು ಕೇಳುವಾಗ ಹೊಂಗೆ ಎಣ್ಣೆಯಲ್ಲಿ ಎಂಜಿನ್ ಓಡಿಸಿದ ನಮ್ಮ ಕಡೆಯ ಪ್ರಯೋಗಗಳು ನೆನಪಾದವು.

ಕುಣಿಗಲ್ ತಾಲ್ಲೂಕಿನ ಪುರ ಎಂಬ ಊರೂ ನೆನಪಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ.ಎನ್. ರೆಡ್ಡಿ ಮತ್ತು ಸಂಗಡಿಗರು ಅಲ್ಲಿ ಸಮುದಾಯದ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದ್ದರು. ಮೊದಲು ಅಡುಗೆಗೆ ಅನಿಲ ಕೊಡಹೊರಟರು, ಊರಿನ ಸಗಣಿ ಅದಕ್ಕೆ ಸಾಲಲಿಲ್ಲ. ಜನರನ್ನು ಕೇಳಿದರೆ ಅವರಿಗೆ ಮೊದಲು ಬೇಕಿದ್ದದ್ದು ನೀರು. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ, ಕರೆಂಟು ಮಾಡಿ, ಕೊಳವೆಬಾವಿಯ ನೀರೆತ್ತಿ ಮನೆ ಬಾಗಿಲಿಗೆ ತಂದರು, ದೀಪವನ್ನೂ ಹಚ್ಚಿದರು. ಸಗಣಿ ಕೊಟ್ಟವರಿಗೆ ಗೊಬ್ಬರ ವಾಪಸು. ಸ್ಯಾಮ್ಸೊ ಸ್ಪರ್ಧೆ ಗೆಲ್ಲುವ ಹತ್ತು ವರ್ಷ ಮೊದಲಿನ ಸಂಗತಿ ಇದು. ನಾವೇ ಅದನ್ನು ಹೆಚ್ಚು ಹೇಳಿಕೊಳ್ಳುವುದಿಲ್ಲ. ಪಾವಗಡದ 13,000 ಎಕರೆ, 2,050 ಮೆಗಾವಾಟಿನ ಸೌರ ಪಾರ್ಕನ್ನು ಹೇಳಿಕೊಳ್ಳುತ್ತೇವೆ. ಅಲ್ಲಿ ರೈತರ ಜಮೀನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದದ್ದು ದೊಡ್ಡ ಹೆಜ್ಜೆ, ಅನುಮಾನವಿಲ್ಲ. ಆದರೆ ಎಕರೆಗೆ ವರ್ಷದ ಗುತ್ತಿಗೆ ಹಣ ಪಡೆಯುವವನು ಬಿಸಿಲಿಗೆ ಪಾಲುದಾರನಲ್ಲ. ಇವತ್ತು ಮೋಡವಾದರೆ ಅವನು ಕಿಟಕಿಯಿಂದ ಇಣುಕಿ ನೋಡಬೇಕಾಗಿಲ್ಲ.

ಯಾರ ಪಾಲು ಎಷ್ಟೆಂದು ತಿಳಿಯದ ಜಾಗ ಸ್ಯಾಮ್ಸೊದಲ್ಲೂ ಒಂದಿದೆ. ದ್ವೀಪದ ನಡು ಸಣ್ಣಗಾಗುವ ಕಡೆ ಕಾನ್ಹಾವೆ ಎಂಬ ಹಳೆಯ ಕಾಲುವೆಯ ಗುರುತಿದೆ. ಪೂರ್ವದ ಕೊಲ್ಲಿಯಿಂದ ಪಶ್ಚಿಮ ಸಮುದ್ರಕ್ಕೆ ಹಡಗು ದಾಟಿಸಲು ಕ್ರಿ.ಶ. 726ರಲ್ಲಿ ತೋಡಿದ್ದು. ಅಂಚಿಗೆ ಹಾಸಿದ್ದ ಮರದ ಬೆಳವಣಿಗೆಯ ಉಂಗುರ ಎಣಿಸಿ ಇಸವಿ ಹಿಡಿದಿದ್ದಾರೆ. ಅರ್ಧ ಕಿಲೋಮೀಟರ್ ಉದ್ದ, 11 ಮೀಟರ್ ಅಗಲ. ಈಗ ಬರೀ ಹುಲ್ಲು ಬೆಳೆದ ತಗ್ಗು. ಅದರೊಳಗೆ ನಡೆದು ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟಿದೆ. ಎಷ್ಟು ಕೈ, ಎಷ್ಟು ಗುದ್ದಲಿ! ತೋಡಿಸಿದ ದೊರೆ ಯಾರೋ, ತೋಡಿದವರು ಯಾರೋ, ಅವರಿಗೆ ಕೂಲಿ ಏನು ಸಿಕ್ಕಿತೋ.

ಕೊನೆಯ ಸಂಜೆ ಅಜ್ಜಿ ನನ್ನನ್ನು ಊರ ಸಭೆಗೆ ಕರೆದುಕೊಂಡು ಹೋದರು. ಕಾಫಿ, ಕೇಕು, ಮಡಚುವ ಕುರ್ಚಿಗಳು, ನಲವತ್ತರಷ್ಟು ಜನ. ವಿಷಯ: ಯಂತ್ರಗಳಿಗೆ ವಯಸ್ಸಾಗಿದೆ, ಮುಂದೇನು? ಹೊಸವು ಬಂದರೆ ಸಂಖ್ಯೆ ಕಡಿಮೆಯಾಗುತ್ತದೆ, ಎತ್ತರ ಹೆಚ್ಚಾಗುತ್ತದೆ, ಬೆಲೆಯೂ. 2030ರೊಳಗೆ ದ್ವೀಪದಲ್ಲಿ ಪಳೆಯುಳಿಕೆ ಇಂಧನವೇ ಇರಬಾರದೆಂಬುದು ಗುರಿ. ಆದರೆ ನಾನು ಬಂದ ಹಡಗಿನ ಮಾತೆತ್ತಿದಾಗ ಹಲವರು ಕೆಮ್ಮಿದರು. 2015ರಲ್ಲಿ ಓಡಾಟ ಶುರುಮಾಡಿದ ಆ ಹಡಗು ನೈಸರ್ಗಿಕ ಅನಿಲದ್ದು. ದ್ವೀಪದ ಸಗಣಿ, ತರಕಾರಿ ತ್ಯಾಜ್ಯದಿಂದ ಅನಿಲ ಮಾಡಿ ಅದಕ್ಕೆ ತುಂಬಿಸಬೇಕೆಂದು ಕನಸು ಕಂಡು ಕೊಂಡದ್ದು.

ಅಜ್ಜಿ ನನ್ನ ಕಿವಿಯಲ್ಲಿ ಅನುವಾದ ಮಾಡುತ್ತಿದ್ದರು. ಮೀಸೆಯ ರೈತರೊಬ್ಬರು ಎದ್ದು, ದೊಡ್ಡ ಯಂತ್ರ ತಮ್ಮ ಹೊಲದಲ್ಲೇ ಇರಲಿ, ಬಂಡವಾಳ ತಾವೇ ಹಾಕುತ್ತೇವೆ ಎಂದರು. ಹಿಂದಿನ ಸಾಲಿನಿಂದ ಇಪ್ಪತ್ತೈದರ ಹುಡುಗಿ ತಕರಾರು ತೆಗೆದಳು: ಅಷ್ಟು ದುಡ್ಡು ನಮ್ಮ ವಯಸ್ಸಿನವರಲ್ಲಿ ಯಾರ ಹತ್ತಿರ ಇದೆ? ಪಾಲಿನ ಬೆಲೆ ಇಳಿಸಿ, ಇಲ್ಲದಿದ್ದರೆ ನಾವು ನಿಮ್ಮ ಯಂತ್ರ ನೋಡುತ್ತಾ ಕೂರುತ್ತೇವೆ ಅಷ್ಟೇ. ರೈತ ಒಪ್ಪಲಿಲ್ಲ. ಹುಡುಗಿ ಕೂರಲಿಲ್ಲ. ಅಜ್ಜಿ ಅನುವಾದ ಮಾಡುವುದನ್ನು ಬಿಟ್ಟು ತಾವೇ ಎದ್ದು ಹುಡುಗಿಯ ಪರ ಮಾತಾಡತೊಡಗಿದರು. ಎರಡು ಸಲ ಕಾಫಿ ಸುತ್ತು ಬಂತು. ನಿರ್ಣಯ ಆಗಲಿಲ್ಲ. ಮುಂದಿನ ತಿಂಗಳ ಸಭೆಗೆ ಹಾಕಿದರು, ಕೇಕಿನ ಸರದಿ ಅಜ್ಜಿಯದಂತೆ.